ಬಡ್ತಿ ಸಿಕ್ಕಿತು, ಕೈಗೆ ಬರುವ ದುಡ್ಡು ಇಳಿಯಿತು: ಹೋಟೆಲ್ ಕೆಲಸದವರು ಸಹಿ ಹಾಕುವ ಮೊದಲು ಓದಿ

ಕ್ಯಾಪ್ಟನ್, ಸೀನಿಯರ್ ಸ್ಟೀವರ್ಡ್, ಹೌಸ್‌ಕೀಪಿಂಗ್ ಅಥವಾ ಫ್ರಂಟ್ ಆಫೀಸಿನಲ್ಲಿ ಹಳಬರು ಅನ್ನಿಸಿಕೊಂಡವರು, ನಿಮಗಾಗಿ ಈ ಬರಹ. ಇವತ್ತಲ್ಲ ನಾಳೆ ನಿಮ್ಮನ್ನು ಕ್ಯಾಬಿನ್ನಿಗೆ ಕರೆಯುತ್ತಾರೆ. ಯಾವತ್ತೂ ಕೂರಿಸದವರು ಕೂರಿಸುತ್ತಾರೆ, ಕಾಫಿ ತರಿಸುತ್ತಾರೆ. 'ಇನ್ಮೇಲೆ ನೀವು ಎಕ್ಸಿಕ್ಯುಟಿವ್ ಕೇಡರ್' ಅನ್ನುತ್ತಾರೆ. ಕಾಫಿ ಕುಡಿಯಿರಿ, ಥ್ಯಾಂಕ್ಸ್ ಹೇಳಿ. ಸಹಿ ಮಾತ್ರ ಅವತ್ತೇ ಬೇಡ.

ನಾನಿದ್ದದ್ದು ಮೈಸೂರಿನ ಒಂದು ಹೋಟೆಲಿನಲ್ಲಿ. ಹೆಸರು ಬೇಡ, ಇಂಥದ್ದು ಒಂದೇ ಕಡೆ ನಡೆಯುವುದೂ ಅಲ್ಲ. ಮೇಲೆ ರೂಮುಗಳು, ಕೆಳಗೆ ರೆಸ್ಟೋರೆಂಟ್, ಹಿಂದೆ ಎರಡು ಬ್ಯಾಂಕ್ವೆಟ್ ಹಾಲ್. ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ ಆಗಿದ್ದೆ, ಅಂದರೆ ಬಡಿಸುವ ಸ್ಟೀವರ್ಡ್‌ಗಳ ಮೇಲಿನವ. ಅಸಿಸ್ಟೆಂಟ್ ರೆಸ್ಟೋರೆಂಟ್ ಮ್ಯಾನೇಜರ್ ಬಿಟ್ಟು ಹೋಗಿ ಆ ಜಾಗ ಖಾಲಿ ಬಿದ್ದಿತ್ತು, ಆ ಕೆಲಸ ಹೇಗೂ ನಾನೇ ಮಾಡುತ್ತಿದ್ದೆ. 2024ರ ಏಪ್ರಿಲ್ 1ರಿಂದ ಆ ಹುದ್ದೆ ನನಗೆ ಎಂದರು. ಆಗ ನನ್ನ ಸಂಬಳ 19,500. ಹೊಸದು 26,000. 'ಮೂರರಲ್ಲಿ ಒಂದು ಪಾಲು ಹೈಕ್, ಈ ವರ್ಷ ಯಾರಿಗೂ ಇಷ್ಟು ಕೊಟ್ಟಿಲ್ಲ' ಎಂದು ಎಚ್‌ಆರ್ ಮೇಡಂ ಹೇಳಿದರು. ಬ್ರೇಕಪ್, ಅಂದರೆ ಯಾವುದಕ್ಕೆ ಎಷ್ಟು ಎಂಬ ವಿವರ, ಕೇಳಿದೆ. 'ಪೇ ಸ್ಲಿಪ್‌ನಲ್ಲಿ ಬರುತ್ತಲ್ಲ' ಎಂಬ ಉತ್ತರ ಬಂತು.

ಬಂತು, ನಿಜ. ಅದನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ, ಏಕೆಂದರೆ ಇಡೀ ಆಟ ಇರುವುದು ಇಲ್ಲೇ.

ಹಳೆಯ 19,500 ಗ್ರಾಸ್, ಅಂದರೆ ಕಡಿತಕ್ಕೆ ಮೊದಲಿನ ಸಂಬಳ. ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) 14,000. ಪಿಎಫ್‌ಗೆ (ಭವಿಷ್ಯ ನಿಧಿ) 12 ಪರ್ಸೆಂಟ್, ಅಂದರೆ 1,680, ಇಎಸ್‌ಐಗೆ (ನೌಕರರ ಸರ್ಕಾರಿ ಆರೋಗ್ಯ ವಿಮೆ) 0.75 ಪರ್ಸೆಂಟ್, ಅಂದರೆ 147 ಕಳೆದು ಬ್ಯಾಂಕಿಗೆ 17,673 ಬರುತ್ತಿತ್ತು. ಹೊಸ 26,000 ಮಾತ್ರ ಸಿಟಿಸಿ. ಅಂದರೆ ಕಂಪನಿ ನನ್ನ ಮೇಲೆ ಖರ್ಚು ಮಾಡುತ್ತೇನೆ ಎಂದು ಲೆಕ್ಕ ತೋರಿಸುವ ಮೊತ್ತ. ಅದರೊಳಗೆ ಕಂಪನಿ ಕಟ್ಟಬೇಕಾದ ಪಿಎಫ್ ಪಾಲು 1,800 ಇತ್ತು. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎಂದು 722 ಇತ್ತು. ಅದು ಕೈಗೆ ಬರಬೇಕಾದರೆ ಐದು ವರ್ಷ ಸರ್ವಿಸ್ ಆಗಬೇಕು. ಸ್ಟಾಫ್ ಕ್ಯಾಂಟೀನಿನ ಊಟಕ್ಕೆ 1,200 ಹಾಕಿದ್ದರು. ಅದೇ ಕ್ಯಾಂಟೀನ್, ಅದೇ ಸಾರು. ಕ್ಯಾಪ್ಟನ್ ಆಗಿದ್ದಾಗ ಪುಕ್ಕಟೆ ಇದ್ದದ್ದು ಎಕ್ಸಿಕ್ಯುಟಿವ್ ಆದಮೇಲೆ ಸಂಬಳದ ಭಾಗವಾಗಿತ್ತು! ಗ್ರೂಪ್ ಇನ್ಶೂರೆನ್ಸ್ ಪ್ರೀಮಿಯಂ 350. ಇಷ್ಟೂ ತೆಗೆದರೆ ಗ್ರಾಸ್ ಉಳಿದದ್ದು 21,928. ಅದರಲ್ಲಿ ನನ್ನ ಪಾಲಿನ ಪಿಎಫ್ 1,800 ಹೋಗಿ ಬ್ಯಾಂಕಿಗೆ ಬಂದದ್ದು 20,128. ಆರೂವರೆ ಸಾವಿರದ ಹೈಕ್ ಕೈಗೆ ಬರುವಷ್ಟರಲ್ಲಿ 2,455 ರೂಪಾಯಿ ಆಗಿತ್ತು.

ಅಷ್ಟಾದರೂ ಏರಿತಲ್ಲ ಅನ್ನಬೇಡಿ. ಹೋಟೆಲಿನವರ ಬದುಕು ಪೇ ಸ್ಲಿಪ್‌ನಲ್ಲಿ ಇರುವುದಿಲ್ಲ. ನಮ್ಮಲ್ಲಿ ಸರ್ವಿಸ್ ಚಾರ್ಜನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಿದ್ದರು. ಸ್ಟೀವರ್ಡ್‌ಗೆ ಒಂದು, ಕ್ಯಾಪ್ಟನ್‌ಗೆ ಎರಡು, ಅದರ ಮೇಲಿನವರಿಗೆ ಸೊನ್ನೆ. ಟಿಪ್ಸ್ ಬಾಕ್ಸಿನಲ್ಲೂ ಅದೇ ನಿಯಮ. ವರ್ಷದ ಸರಾಸರಿ ಹಿಡಿದರೆ ನನಗೆ ಸರ್ವಿಸ್ ಚಾರ್ಜ್ ತಿಂಗಳಿಗೆ 3,500, ಟಿಪ್ಸ್ 4,000 ಬರುತ್ತಿತ್ತು. ಎರಡೂ ಒಂದೇ ದಿನ ನಿಂತವು. ಬಡ್ತಿ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೊದಲ ತಿಂಗಳ ಹಂಚಿಕೆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ, ಗೊತ್ತಾದದ್ದು ಹಾಗೆ. ಕೂಡಿ ಕಳೆದರೆ ತಿಂಗಳಿಗೆ 5,045 ರೂಪಾಯಿ ಕಡಿಮೆ.

ಸರಾಸರಿ ಹಿಡಿಯುವಾಗ ಒಂದು ಎಚ್ಚರ. ದಸರಾ ತಿಂಗಳ ಟಿಪ್ಸ್ ಹೇಳಿದರೆ ಅವರು ನಗುತ್ತಾರೆ, ಆಷಾಢದ್ದು ಹೇಳಿದರೆ ನೀವು ಮುಳುಗುತ್ತೀರಿ. ಆಷಾಢದಲ್ಲಿ ಮದುವೆ ಇಲ್ಲ, ಹಾಲ್ ಖಾಲಿ. ಶ್ರಾವಣದಲ್ಲಿ ನಾನ್‌ವೆಜ್ ಆರ್ಡರ್ ಬಿದ್ದುಹೋಗುತ್ತದೆ, ಬಿಲ್ ಸಣ್ಣದಾಗುತ್ತದೆ, ಅದರ ಜೊತೆ ಟಿಪ್ಸೂ ಸಣ್ಣದು. ಹಾಗಾಗಿ ಹನ್ನೆರಡು ತಿಂಗಳು ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲೇ ಸಾಕು, ದಿನಾಂಕ ಮತ್ತು ಮೊತ್ತ. ಮಾತುಕತೆಗೆ ಕೂತಾಗ ಇದಕ್ಕಿಂತ ಗಟ್ಟಿಯಾದ ಕಾಗದ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಇನ್ನು ಇಎಸ್‌ಐ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಇಎಸ್‌ಐ ಮಿತಿ ತಿಂಗಳಿಗೆ 21,000; 2017ರ ಜನವರಿಯಿಂದ ಅದೇ ಇದೆ. ನನ್ನ ಹೊಸ ಗ್ರಾಸ್ 21,928. ಬರೀ 928 ರೂಪಾಯಿ ದಾಟಿದ್ದಕ್ಕೆ ನಾನು ಹೊರಗೆ. ಅಪ್ಪನ ಇನ್ಸುಲಿನ್, ಕಣ್ಣಿನ ಪರೀಕ್ಷೆ ಎಲ್ಲ ಮೈಸೂರಿನ ಇಎಸ್‌ಐ ಆಸ್ಪತ್ರೆಯಲ್ಲೇ ನಡೆಯುತ್ತಿತ್ತು. ಕಾರ್ಡು ಕೆಲವು ತಿಂಗಳು ನಡೆಯಿತು, ಆಮೇಲೆ ನಿಂತಿತು. ತಿಂಗಳಿಗೆ 2,800 ರೂಪಾಯಿಯ ಔಷಧಿ ಹೊರಗೆ ಕೊಳ್ಳಬೇಕಾಯಿತು. ಸಿಟಿಸಿಯಲ್ಲಿ 350 ಹಿಡಿದ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ನಾನೊಬ್ಬನೇ, ಅಪ್ಪ ಅಮ್ಮ ಇಲ್ಲ. ಅದೂ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ. ದಿನನಿತ್ಯದ ಮಾತ್ರೆಗೆ, ಇಂಜೆಕ್ಷನ್ನಿಗೆ ಅಲ್ಲ.

ಇಲ್ಲಿ ದಿನಾಂಕವೂ ಮುಖ್ಯ. ಇಎಸ್‌ಐ ಚಂದಾ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯುವ ತನಕ ನೀವು ಇಎಸ್‌ಐ ಒಳಗೇ ಇರುತ್ತೀರಿ. ಬಡ್ತಿ ಏಪ್ರಿಲ್ 1ರಿಂದಲೇ ಎಂದು ಬರೆದರೆ ಅವತ್ತಿನಿಂದಲೇ ಹೊರಗೆ. ಮೇ 1ರಿಂದ ಎಂದಿದ್ದರೆ ಸೆಪ್ಟೆಂಬರ್ ಕೊನೆಯವರೆಗೆ ಚಂದಾ ಕಟ್ಟಲೇಬೇಕು, ಸೌಲಭ್ಯವೂ ಅದಕ್ಕೆ ತಕ್ಕಂತೆ ಮುಂದೆ ಸಾಗುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಒಂದು ತಿಂಗಳ ಹೈಕ್ ಬಿಟ್ಟುಕೊಟ್ಟು ಈ ದಿನಾಂಕ ಕೇಳುವುದು ಲಾಭ. ಇಲ್ಲವಾದರೆ ಸಂಬಳ ಇಎಸ್‌ಐ ಮಿತಿಯ ಒಳಗೇ ಇರಲಿ, ಅಥವಾ ಔಷಧಿ ಖರ್ಚನ್ನೂ ನುಂಗುವಷ್ಟು ಮೇಲೆ ಹೋಗಲಿ. 21,928 ಅನ್ನುವುದು ಎರಡೂ ಅಲ್ಲದ, ಅತ್ಯಂತ ಕೆಟ್ಟ ಜಾಗ.

ಕೆಲಸದ ಹೊತ್ತಿನ ಕಥೆ ನಿಮಗೆ ಗೊತ್ತಿರುವುದೇ, ಉದ್ದ ಮಾಡುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಮೂರೂವರೆಗೆ ಹೊರಗೆ, ಆರೂವರೆಗೆ ವಾಪಸ್, ರಾತ್ರಿ ಕೊನೆಯ ಟೇಬಲ್ ಎದ್ದ ಮೇಲೆ ಕ್ಲೋಸಿಂಗ್. ಬ್ರೇಕ್ ಶಿಫ್ಟ್ ಅಂದರೆ ಬ್ರೇಕ್ ಅವರಿಗೆ, ಶಿಫ್ಟ್ ನಮಗೆ. ಕ್ಯಾಪ್ಟನ್ ಆಗಿದ್ದಾಗ ಡಿಸೆಂಬರ್, ದಸರಾ ಸಮಯದಲ್ಲಿ ಓಟಿ (ಹೆಚ್ಚುವರಿ ಹೊತ್ತಿನ ದುಡ್ಡು) ಬರುತ್ತಿತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ಎರಡರಷ್ಟು ದರ. ಆದರೆ ಆಡಳಿತದ ಸ್ಥಾನದಲ್ಲಿ ಇರುವವರಿಗೆ ಅದೇ ಕಾಯಿದೆಯಲ್ಲಿ ವಿನಾಯಿತಿ ಇದೆ, ಅಂದರೆ ಈ ರಕ್ಷಣೆ ಅವರಿಗಿಲ್ಲ. 'ಮ್ಯಾನೇಜರ್' ಎಂಬ ಬ್ಯಾಡ್ಜ್ ಇಷ್ಟು ಸುಲಭವಾಗಿ ಹಂಚಲು ಇದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ. ರಜೆ ಮಂಜೂರು ಮಾಡುವ ಅಧಿಕಾರ ನನಗಿರಲಿಲ್ಲ, ಒಬ್ಬ ಸ್ಟೀವರ್ಡನ್ನು ನೇಮಿಸುವ ಅಧಿಕಾರವೂ ಇರಲಿಲ್ಲ. ಟ್ರೇ ಹಿಡಿಯುವುದೂ ತಪ್ಪಲಿಲ್ಲ. ನ್ಯಾಯಾಲಯಗಳು ಬ್ಯಾಡ್ಜ್ ನೋಡುವುದಿಲ್ಲ, ನಿಜವಾಗಿ ಮಾಡುವ ಕೆಲಸ ನೋಡುತ್ತವೆ ಎಂಬುದು ಹಲವು ತೀರ್ಪುಗಳಲ್ಲಿ ಬಂದಿರುವ ಮಾತು. ಆದ್ದರಿಂದ ಡ್ಯೂಟಿ ರೋಸ್ಟರ್ ಫೋಟೋ ತೆಗೆದಿಟ್ಟುಕೊಳ್ಳಿ.

ಜವಾಬ್ದಾರಿ ಮಾತ್ರ ಪೂರ್ತಿ ಬಂತು. ಒಂದು ಶನಿವಾರ ರಾತ್ರಿ ಎಂಟು ಜನರ ಟೇಬಲ್ ಬಿಲ್ ಕೊಡದೆ ಎದ್ದುಹೋಯಿತು. ಅದನ್ನು 'ಇನ್‌ಚಾರ್ಜ್' ಸಂಬಳದಲ್ಲಿ ಹಿಡಿಯಬೇಕೆಂದು ಅಕೌಂಟ್ಸ್‌ನವರು ಹಟ ಹಿಡಿದರು. ನಷ್ಟಕ್ಕೆಂದು ಸಂಬಳ ಕಡಿತ ಮಾಡುವ ಮೊದಲು ಕಾರಣ ಹೇಳಲು ಅವಕಾಶ ಕೊಡಬೇಕು ಎಂದು ಆಗಿನ ವೇತನ ಪಾವತಿ ಕಾಯಿದೆ ಹೇಳುತ್ತದೆ ಎಂದು ಬರೆದುಕೊಟ್ಟ ಮೇಲೆ ಸುಮ್ಮನಾದರು.

ಬೋನಸ್ ವಿಷಯದಲ್ಲೂ ಇದೇ ದಾರಿ ಕೆಲಸ ಮಾಡಿತು. ದೀಪಾವಳಿಗೆ ಎಲ್ಲರಿಗೂ ಬಂತು, ನನಗಿಲ್ಲ. 'ಎಕ್ಸಿಕ್ಯುಟಿವ್‌ಗೆ ಬೋನಸ್ ಇಲ್ಲ, 21,000 ದಾಟಿದೆ' ಎಂದರು. ಇದು ಸುಳ್ಳು ಲೆಕ್ಕ. ಆಗ ಜಾರಿಯಲ್ಲಿದ್ದ 1965ರ ಬೋನಸ್ ಕಾಯಿದೆಯ 21,000 ಮಿತಿ ಇದ್ದದ್ದು ಬೇಸಿಕ್ ಮತ್ತು ಡಿಎಗೆ, ಗ್ರಾಸ್‌ಗೆ ಅಲ್ಲ. ಸೂಪರ್‌ವೈಸರ್, ಮ್ಯಾನೇಜರ್ ಕೆಲಸದವರನ್ನೂ ಆ ಕಾಯಿದೆ ಒಳಗೆ ಸೇರಿಸುತ್ತಿತ್ತು. ನನ್ನ ಬೇಸಿಕ್ 15,000. ಇಷ್ಟನ್ನೇ ನಾಲ್ಕು ಸಾಲಿನ ಮೇಲ್ ಮಾಡಿ, ಕೊನೆಗೆ 'ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವ ಮೊದಲು ನಿಮ್ಮಲ್ಲಿ ಕೇಳುತ್ತಿದ್ದೇನೆ' ಎಂದು ಸೇರಿಸಿದೆ. ಅದು ಬೆಂಗಳೂರಿನಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ. ಮುಂದಿನ ಸಂಬಳದಲ್ಲಿ ಬೋನಸ್ ಬಂತು. ಮಾತಿನಲ್ಲಿ ಕೇಳಿದಾಗ ನಗುವವರು ಮೇಲ್‌ಗೆ ಹೆದರುತ್ತಾರೆ.

ಸಂಬಳದ ವಿಷಯದಲ್ಲಿ ಮೇಲ್ ಕೂಡ ಸೋತಿತು, ಏಕೆಂದರೆ ಅಲ್ಲಿ ಹಿಡಿಯಲು ಕಾಗದವೇ ಇರಲಿಲ್ಲ. 'ಆರು ತಿಂಗಳಲ್ಲಿ ರಿವ್ಯೂ ಮಾಡೋಣ' ಎಂದು ಜಿಎಂ (ಜನರಲ್ ಮ್ಯಾನೇಜರ್) ಬಾಯಿಮಾತಿನಲ್ಲಿ ಹೇಳಿದ್ದರು. ಐದನೇ ತಿಂಗಳಿಗೆ ಅವರು ಗೋವಾಕ್ಕೆ ವರ್ಗ. ಹೊಸಬರು 'ಫೈಲ್‌ನಲ್ಲಿ ಹಾಗೇನೂ ಇಲ್ಲವಲ್ಲ' ಎಂದರು. ಸುಳ್ಳೇನಲ್ಲ, ಫೈಲ್‌ನಲ್ಲಿ ಇರಲಿಲ್ಲ. ವಾಪಸ್ ಕ್ಯಾಪ್ಟನ್ ಮಾಡಿ ಎಂದರೆ ಅಂಥ ಪದ್ಧತಿ ಇಲ್ಲ ಎಂದರು. ಬಿಟ್ಟು ಹೋಗೋಣವೆಂದರೆ ನೋಟಿಸ್ ಪೀರಿಯಡ್ ಒಂದು ತಿಂಗಳಿಂದ ಮೂರು ತಿಂಗಳಾಗಿತ್ತು. ಬೇರೆ ಹೋಟೆಲ್‌ಗಳು ಮೂರು ತಿಂಗಳು ಕಾಯುವುದಿಲ್ಲ, ರಿಲೀವಿಂಗ್ ಲೆಟರ್ ಇಲ್ಲದೆ ಸೇರಿಸಿಕೊಳ್ಳುವುದೂ ಇಲ್ಲ. ಆಮೇಲೆ ತಿಳಿದ ಇನ್ನೊಂದು ಸಂಗತಿ: ಆ ಹುದ್ದೆಯಲ್ಲಿ ನನಗಿಂತ ಮೊದಲು ಇದ್ದವರಿಗೆ 34,000 ಗ್ರಾಸ್ ಇತ್ತು.

ನನಗೆ ಅತಿ ಹೆಚ್ಚು ಉರಿದದ್ದು ಈ 34,000. ಹೈಕ್ ಎಷ್ಟು ಪರ್ಸೆಂಟ್ ಎಂಬ ಪ್ರಶ್ನೆಯೇ ಅವರ ಕಡೆಯ ಪ್ರಶ್ನೆ. ಆ ಪ್ರಶ್ನೆಯೊಳಗೆ ನೀವು ಕೂತರೆ ನಿಮ್ಮ ಹಳೆಯ ಸಂಬಳವೇ ಅಳತೆಗೋಲು ಆಗುತ್ತದೆ. ಕೇಳಬೇಕಾದದ್ದು ಹುದ್ದೆಯ ಬೆಲೆ: ಈ ಕುರ್ಚಿಗೆ ಹೊರಗಿನಿಂದ ಒಬ್ಬರನ್ನು ತಂದರೆ ಎಷ್ಟು ಕೊಡುತ್ತೀರಿ? ಅದನ್ನು ತಿಳಿಯಲು ಗೂಢಚಾರಿಕೆ ಬೇಡ. ಹಿಂದಿದ್ದವರಿಗೆ ಒಂದು ಫೋನ್ ಮಾಡಿ. ಬಿಟ್ಟು ಹೋದವರು ಧಾರಾಳವಾಗಿ ಹೇಳುತ್ತಾರೆ. ನಿಮ್ಮ ಊರಿನ ಇನ್ನೆರಡು ಹೋಟೆಲ್‌ಗಳಲ್ಲಿ ಅದೇ ಹುದ್ದೆಗೆ ಏನು ಕೊಡುತ್ತಾರೆ ಕೇಳಿ.

ಕ್ಯಾಬಿನ್ನಿನಲ್ಲಿ ಹೇಳಬೇಕಾದದ್ದು ಇಷ್ಟೇ: 'ತುಂಬಾ ಸಂತೋಷ ಸರ್. ಗ್ರಾಸ್ ಎಷ್ಟು, ಕೈಗೆ ಎಷ್ಟು, ಸರ್ವಿಸ್ ಚಾರ್ಜ್ ಪಾಯಿಂಟ್ ಇರುತ್ತದೋ ಇಲ್ಲವೋ, ನೋಟಿಸ್ ಎಷ್ಟು, ಬರೆದು ಕೊಡಿ. ಎರಡು ದಿನದಲ್ಲಿ ಉತ್ತರ ಹೇಳುತ್ತೇನೆ.' ಅವಸರ ಮಾಡಿದರೆ ಇನ್ನೂ ನಿಧಾನಿಸಿ. ಜಾಗ ಖಾಲಿ ಇರುವುದು ಅವರಿಗೆ ಕಷ್ಟ, ನಿಮಗಲ್ಲ. ಸಾಧ್ಯವಾದರೆ ಈ ಮಾತು ದಸರಾಕ್ಕೆ ಮೊದಲು ಅಥವಾ ನವೆಂಬರ್ ಕೊನೆಗೆ ಬರುವಂತೆ ನೋಡಿಕೊಳ್ಳಿ. ಬುಕಿಂಗ್ ತುಂಬಿರುವಾಗ ಕೇಳುವ ಐದು ಸಾವಿರಕ್ಕೂ ಆಷಾಢದಲ್ಲಿ ಕೇಳುವ ಐದು ಸಾವಿರಕ್ಕೂ ಉತ್ತರ ಬೇರೆ. ರಿವ್ಯೂ ಎಂದರೆ ತಿಂಗಳು ಮತ್ತು ಮೊತ್ತ ಎರಡೂ ಪತ್ರದಲ್ಲಿ ಇರಬೇಕು. ಕೊಡದಿದ್ದರೆ ನೀವೇ ಮೇಲ್ ಹಾಕಿ: 'ಇವತ್ತು ಮಾತಾಡಿದ ಪ್ರಕಾರ ಅಕ್ಟೋಬರ್‌ನಲ್ಲಿ ಇಷ್ಟು ಆಗುತ್ತದೆ ಎಂದು ತಿಳಿದಿದ್ದೇನೆ.' ಅವರು ಅಲ್ಲ ಎನ್ನದಿದ್ದರೆ ಅದೇ ಕಾಗದ.

ಸರ್ವಿಸ್ ಚಾರ್ಜನ್ನು ಶಾಶ್ವತ ಎಂದು ನಂಬಿ ಲೆಕ್ಕ ಹಾಕಬೇಡಿ. ಬಿಲ್‌ನಲ್ಲಿ ತಾನಾಗಿಯೇ ಸೇರಿಸುವಂತಿಲ್ಲ ಎಂದು 2022ರ ಜುಲೈನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತ್ತು. ಅದಕ್ಕೆ ತಡೆ ಇತ್ತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗ್ರಾಹಕರ ದೃಷ್ಟಿಯಿಂದ ಸರಿ ಇರಬಹುದು, ಆದರೆ ಆ ದುಡ್ಡನ್ನು ಸಂಬಳ ಎಂದು ತೋರಿಸಿ ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡವರು ಹೋಟೆಲಿನವರು. ಹಾಗಾಗಿ ಬಡ್ತಿಯ ಹೊತ್ತಿನಲ್ಲೇ ಆ ಮೊತ್ತವನ್ನು ಬೇಸಿಕ್‌ಗೆ ಸೇರಿಸಲು ಕೇಳಿ. ಗ್ರಾಚ್ಯುಟಿ ಅದರ ಮೇಲೆ ಬೆಳೆಯುತ್ತದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅವುಗಳಲ್ಲಿ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ ದಾಟಿದ ಭಾಗವೂ ವೇತನ ಎಂದೇ ಲೆಕ್ಕ. ಬೇಸಿಕ್ ಚಿಕ್ಕದು ಮಾಡಿ ಭತ್ಯೆ ಉಬ್ಬಿಸುವ ಬ್ರೇಕಪ್ ಕೊಟ್ಟರೆ ಇದನ್ನು ನೆನಪಿಸಿ.

ನಾನು ನೋಟಿಸ್ ಪೂರ್ತಿ ಮುಗಿಸಿ ಹೊರಬಂದೆ. ಅದೇ ಹುದ್ದೆಯನ್ನು ನನ್ನ ಕೈಕೆಳಗಿದ್ದ ಹುಡುಗನಿಗೆ ಕೊಡಲು ಕರೆದರು. ಅವನಿಗೆ ನನ್ನ ಎರಡೂ ಪೇ ಸ್ಲಿಪ್ ಕಳಿಸಿದೆ. ಅವನು ಬ್ರೇಕಪ್ ಬರೆಸಿಕೊಂಡೇ ಕೂತ. ಊಟದ 1,200 ತೆಗೆಸಿದ, ನೋಟಿಸ್ ಒಂದೇ ತಿಂಗಳು ಎಂದು ಬರೆಸಿದ, ಗ್ರಾಸ್ 29,000ಕ್ಕೆ ಒಪ್ಪಿಸಿದ. 34,000 ಕೊಡಲಿಲ್ಲ. ಟಿಪ್ಸ್ ಬಾಕ್ಸಿನ ಪಾಲೂ ಕೊಡಲಿಲ್ಲ, ಬ್ರೇಕ್ ಶಿಫ್ಟೂ ತಪ್ಪಿಲ್ಲ. ಬರುವ ದಸರಾ ಹೊತ್ತಿಗೆ ಮತ್ತೆ ಕೇಳುತ್ತಾನಂತೆ; ಈ ಸಲ ರಿವ್ಯೂ ತಿಂಗಳು ಪತ್ರದಲ್ಲೇ ಇದೆ.