ನ್ಯೂರೋಡೆಬಿಯನ್: ಒಂಬತ್ತು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಬಂದ ಮಿದುಳಿನ ಚಿತ್ರಗಳನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ. ಐದು ಲಿನಕ್ಸ್ ಕಂಪ್ಯೂಟರುಗಳಿವೆ, ಅವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. 2016ರಲ್ಲಿ ನಾನು ಸೇರಿದಾಗ ಎಲ್ಲದಕ್ಕೂ ಆಗಷ್ಟೇ ಲಿನಕ್ಸಿನ ಒಂದು ರೂಪವಾದ ಉಬುಂಟು 16.04 ಹಾಕಿದ್ದರು.

ಮೊದಲ ವಾರವೇ ಒಂದು ತಂತ್ರಾಂಶ ತೆರೆಯಲೇ ಇಲ್ಲ. ಲಿಬ್‌ಎಕ್ಸ್‌ಪಿ ಅನ್ನೋ ಲೈಬ್ರರಿ (ಬೇರೆ ತಂತ್ರಾಂಶಗಳು ಎರವಲು ಪಡೆಯುವ ಕೋಡ್) ಸಿಗುತ್ತಿಲ್ಲ ಅಂತ ಒಂದು ಸಾಲು ಬರೆದು ನಿಂತುಬಿಡುತ್ತಿತ್ತು. ಹುಡುಕಿ ನೋಡಿದರೆ, ಅದು ಲಿನಕ್ಸಿನಲ್ಲಿ ಪರದೆಯ ಮೇಲೆ ವಿಂಡೋ ತೋರಿಸುವ ಹಳೆಯ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಪ್ರಿಂಟ್ ತೆಗೆಯೋಕೆ ಅಂತ ಇದ್ದ ಲೈಬ್ರರಿ. ಉಬುಂಟು ಅದನ್ನು ಆಗಲೇ ಕೈಬಿಟ್ಟಿತ್ತು. ನಮಗೆ ಪ್ರಿಂಟ್ ಬೇಕಿರಲಿಲ್ಲ. ಆದರೆ ಆ ತಂತ್ರಾಂಶದ ಬಟನ್, ಮೆನು ಎಲ್ಲ ಮೋಟಿಫ್ ಅನ್ನೋ ಹಳೆಯ ಕಿಟ್‌ನಲ್ಲಿ ಕಟ್ಟಿದ್ದವು. ಆ ಕಿಟ್‌ಗೆ ಇದು ಬೇಕಿತ್ತು. ಎಲ್ಲಿಂದಲೋ ಅದರ ಹಳೆಯ ಡೆಬ್ ಫೈಲ್ (ಉಬುಂಟುವಿನ ಇನ್‌ಸ್ಟಾಲ್ ಫೈಲ್) ತಂದು ಹಾಕಿದೆ, ನಡೀತು. ಎರಡು ದಿನ ಬಿಟ್ಟು ಇನ್ನೊಂದು ತಂತ್ರಾಂಶ, ಇನ್ನೊಂದು ಲೈಬ್ರರಿ. ತಿಂಗಳು ಮುಗಿಯೋ ಹೊತ್ತಿಗೆ ಐದು ಕಂಪ್ಯೂಟರು ಐದು ಥರ ಆಗಿದ್ದವು. ಯಾವುದರಲ್ಲಿ ಏನು ಹಾಕಿದ್ದೇನೆ ಅನ್ನೋದು ನನಗೇ ನೆನಪಿರಲಿಲ್ಲ.

ಆಗ ನಮ್ಮ ಮೇಡಂ ಹೇಳಿದ್ದು ನ್ಯೂರೋಡೆಬಿಯನ್ ಬಗ್ಗೆ. ಅವರು ಪಿಎಚ್‌ಡಿ ಮಾಡುವಾಗ ಬಳಸಿದ್ದರಂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬೇರೆಯೇ ಒಂದು ಲಿನಕ್ಸ್ ಅಲ್ಲ. ಡೆಬಿಯನ್ (ಇದೂ ಲಿನಕ್ಸಿನ ಒಂದು ರೂಪ) ಅಥವಾ ಉಬುಂಟು ಇರುವ ಕಂಪ್ಯೂಟರಿಗೆ ಸೇರಿಸಿಕೊಳ್ಳುವ ಒಂದು ಪ್ಯಾಕೇಜ್ ಭಂಡಾರ, ಅಂದರೆ ಇನ್‌ಸ್ಟಾಲ್ ಮಾಡೋಕೆ ಸಿದ್ಧವಾಗಿರುವ ತಂತ್ರಾಂಶಗಳ ಕಣಜ. ಮೈಕೆಲ್ ಹಾಂಕೆ ಮತ್ತು ಯಾರೊಸ್ಲಾವ್ ಹಾಲ್ಚೆಂಕೊ ಇದನ್ನು ಕಟ್ಟಿದವರು. ಹಾಂಕೆ ಜರ್ಮನಿಯವರು, ಮೊದಲು ಮಾಗ್ಡೆಬುರ್ಗ್‌ನಲ್ಲಿದ್ದು ಆಮೇಲೆ ಯೂಲಿಶ್‌ನ ಸಂಶೋಧನಾ ಕೇಂದ್ರಕ್ಕೆ ಹೋದರು. ಹಾಲ್ಚೆಂಕೊ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿದ್ದಾರೆ. ಇಬ್ಬರೂ ಸ್ವತಃ ಮಿದುಳಿನ ಸಂಶೋಧಕರು, ಇಬ್ಬರೂ ಡೆಬಿಯನ್ ಡೆವಲಪರ್‌ಗಳು. ಎರಡೂ ಕಡೆಯ ಕಷ್ಟ ಗೊತ್ತಿದ್ದವರು ಮಾಡಿದ ಕೆಲಸ ಅನ್ನೋದು ಬಳಸಿದಂತೆಲ್ಲ ಕಾಣುತ್ತದೆ.

ತಂತ್ರಾಂಶ ಬರೆಯುವವರು ಬೇರೆ, ಅದನ್ನು ನಮ್ಮ ಕಂಪ್ಯೂಟರಿಗೆ ಒಗ್ಗಿಸಿ ಕೊಡುವವರು ಬೇರೆ. ಇದು ನನಗೆ ಅರ್ಥವಾಗೋಕೆ ಸಮಯ ಹಿಡೀತು. ಬರೆಯುವವರ ಗಮನವೆಲ್ಲ ಲೆಕ್ಕದ ಮೇಲೆ ಇರುತ್ತದೆ, ಇರಬೇಕಾದ್ದೇ. ಪ್ಯಾಕೇಜ್ ಮಾಡುವವರು ಕೇಳುವುದು ಬೇರೆ ಪ್ರಶ್ನೆಗಳನ್ನು. ಇದಕ್ಕೆ ಯಾವ ಲೈಬ್ರರಿ ಬೇಕು, ಅದು ಡೆಬಿಯನ್ನಿನಲ್ಲಿ ಇದೆಯಾ, ಲೈಸೆನ್ಸ್ ಏನು, ಫೈಲುಗಳು ಎಲ್ಲಿಗೆ ಹೋಗಬೇಕು, ತೆಗೆದುಹಾಕಿದರೆ ಪೂರ್ತಿ ಹೋಗುತ್ತದಾ. ಈ ಪ್ರಶ್ನೆಗಳಿಗೆ ಒಬ್ಬರು ಕೂತು ಉತ್ತರ ಹುಡುಕಿದರೆ ಸಾವಿರ ಲ್ಯಾಬುಗಳಲ್ಲಿ ಸಾವಿರ ಜನ ಹುಡುಕಬೇಕಿಲ್ಲ, ಅಲ್ವಾ?

ಒಂದು ಸಣ್ಣ ವಿವರ ತೋರಿಸುತ್ತೇನೆ. ನ್ಯೂರೋಡೆಬಿಯನ್ನಿನಿಂದ ಬಂದ ಪ್ಯಾಕೇಜಿನ ಆವೃತ್ತಿ ಸಂಖ್ಯೆಯ ಕೊನೆಯಲ್ಲಿ ಒಂದು ಬಾಲ ಇರುತ್ತದೆ: ಅಲೆಯಂಥ ಒಂದು ಗೆರೆ, ಆಮೇಲೆ 'ಎನ್‌ಡಿ', ಆಮೇಲೆ 16.04 ಥರದ್ದೊಂದು ಅಂಕಿ. ಆ ಅಲೆಗೆರೆಗೆ, ಅಂದರೆ ಟಿಲ್ಡಕ್ಕೆ, ಡೆಬಿಯನ್ನಿನಲ್ಲಿ ಒಂದು ಅರ್ಥ ಇದೆ. ಟಿಲ್ಡ ಇರುವ ಆವೃತ್ತಿ ಅದಿಲ್ಲದ್ದಕ್ಕಿಂತ ಕೆಳಗಿನದು ಅಂತ ಲೆಕ್ಕ. ಹಾಗಾಗಿ ನಾಳೆ ಅದೇ ಆವೃತ್ತಿ ಡೆಬಿಯನ್ನಿನ ಮುಖ್ಯ ಭಂಡಾರಕ್ಕೆ ಬಂದರೆ, ಅಪ್‌ಗ್ರೇಡ್ ಮಾಡಿದಾಗ ಇವರ ಪ್ಯಾಕೇಜು ತಾನಾಗಿ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಬಿಡುತ್ತದೆ. ನಾವು ಏನೂ ಮಾಡಬೇಕಿಲ್ಲ. 'ನಮ್ಮದೇ ಇರಲಿ' ಅನ್ನದೆ ಮುಖ್ಯ ಡೆಬಿಯನ್ನಿಗೆ ದಾರಿ ಬಿಟ್ಟುಕೊಡುವ ಈ ಏರ್ಪಾಟು ನನಗೆ ತುಂಬಾ ಇಷ್ಟ.

ನಾನು ದಿನಾ ಬಳಸುವುದು ಯಾವುದು ಅಂದರೆ, ಮೊದಲನೆಯದು ಕ್ರಿಸ್ ರೋರ್ಡನ್ ಅವರ ಡಿಸಿಎಂ2ಎನ್‌ಐಐಎಕ್ಸ್. ಸ್ಕ್ಯಾನರಿನಿಂದ ಬರುವ ಡೈಕಾಮ್ ಫೈಲುಗಳನ್ನು, ಲೆಕ್ಕದ ತಂತ್ರಾಂಶಗಳು ಓದುವ ನಿಫ್ಟಿ ಫೈಲುಗಳಾಗಿ ಬದಲಾಯಿಸುವ ಪುಟ್ಟ ಪ್ರೋಗ್ರಾಮ್. ಇದಿಲ್ಲದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಎರಡನೆಯದು ಗಿಟ್-ಅನೆಕ್ಸ್ ಮತ್ತು ಅದರ ಮೇಲೆ ನಿಂತಿರುವ ಡೇಟಾಲ್ಯಾಡ್. ದೊಡ್ಡ ದೊಡ್ಡ ಚಿತ್ರದ ಫೈಲುಗಳನ್ನು ಆವೃತ್ತಿ ಸಮೇತ ಇಟ್ಟುಕೊಳ್ಳೋಕೆ. ಉಬುಂಟುವಿನಲ್ಲಿ ಬರುವ ಗಿಟ್-ಅನೆಕ್ಸ್ ಎರಡು ಮೂರು ವರ್ಷದಲ್ಲಿ ಹಳೆಯದಾಗಿಬಿಡುತ್ತದೆ, ಡೇಟಾಲ್ಯಾಡ್‌ಗೆ ಅದು ಸಾಲುವುದಿಲ್ಲ. ನ್ಯೂರೋಡೆಬಿಯನ್ನಿನವರು ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ಇಟ್ಟು 'ಸ್ಟ್ಯಾಂಡ್‌ಅಲೋನ್' ಅಂತ ಒಂದು ಪ್ಯಾಕೇಜ್ ಕೊಡುತ್ತಾರೆ. ಹಳೆಯ ಕಂಪ್ಯೂಟರಿನಲ್ಲೂ ಹೊಸ ಗಿಟ್-ಅನೆಕ್ಸ್ ಓಡುತ್ತದೆ.

ಮೂರನೆಯದು ಎಫ್‌ಎಸ್‌ಎಲ್. ಮಿದುಳಿನ ಚಿತ್ರಗಳ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮ್‌ಗಳ ಒಂದು ಗುಂಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಮೊದಲು ತಡವರಿಸುವುದೇ ಇಲ್ಲಿ.

ಪ್ರತಿ ವರ್ಷ ಜುಲೈ ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಪ್ರತಿ ವರ್ಷ ಇದೇ ಮಾತು:

"ಅಕ್ಕಾ, ಎಫ್‌ಎಸ್‌ಎಲ್ ಇನ್‌ಸ್ಟಾಲ್ ಆಯ್ತು. ಆದ್ರೆ ಬೆಟ್ ಅಂತ ಟೈಪ್ ಮಾಡಿದ್ರೆ ಕಮಾಂಡ್ ನಾಟ್ ಫೌಂಡ್ ಅಂತಿದೆ."

"ಎಫ್‌ಎಸ್‌ಎಲ್5.0 ಹೈಫನ್ ಬೆಟ್ ಅಂತ ಹೊಡಿ, ನೋಡೋಣ."

"ಹಾಂ, ಬಂತು!"

ಬೆಟ್ ಅಂದರೆ ತಲೆಬುರುಡೆ ತೆಗೆದು ಮಿದುಳನ್ನಷ್ಟೇ ಉಳಿಸಿಕೊಡುವ ಪ್ರೋಗ್ರಾಮ್. ಇಷ್ಟು ಚಿಕ್ಕ ಹೆಸರು ಬೇರೆ ಯಾವುದರ ಜೊತೆಗಾದರೂ ಡಿಕ್ಕಿ ಹೊಡೆಯಬಹುದು ಅಂತ ಪ್ಯಾಕೇಜಿನಲ್ಲಿ ಪ್ರತಿ ಕಮಾಂಡಿನ ಮುಂದೆಯೂ ಆವೃತ್ತಿ ಸಂಖ್ಯೆ ಸೇರಿಸಿದ್ದಾರೆ. ಬರೀ ಬೆಟ್ ಅಂತಲೇ ಬರೆಯಬೇಕು ಅಂದರೆ ಇಟಿಸಿ ಫೋಲ್ಡರಿನ ಎಫ್‌ಎಸ್‌ಎಲ್, 5.0 ಒಳಗಿರುವ ಎಫ್‌ಎಸ್‌ಎಲ್ ಡಾಟ್ ಎಸ್‌ಎಚ್ ಫೈಲನ್ನು ನಿಮ್ಮ ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓದುವ ಫೈಲು) ಸೋರ್ಸ್ ಮಾಡಿ, ಅಂದರೆ ಅಲ್ಲಿಂದ ಕರೆಯಿರಿ. ಒಂದೇ ಸಾಲು. ಒಮ್ಮೆ ಹಾಕಿದರೆ ಮುಗೀತು.

ಎಫ್‌ಎಸ್‌ಎಲ್ ಆಕ್ಸ್‌ಫರ್ಡಿನದು. ಅದರ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ, ಆದರೆ ವ್ಯಾಪಾರದ ಕೆಲಸಕ್ಕೆ ಪುಕ್ಕಟೆ ಅಲ್ಲ. ಡೆಬಿಯನ್ನಿನ ಲೆಕ್ಕದಲ್ಲಿ ಇದು ಸ್ವತಂತ್ರ ತಂತ್ರಾಂಶ ಅಲ್ಲ, ಹಾಗಾಗಿ 'ನಾನ್-ಫ್ರೀ' ವಿಭಾಗದಲ್ಲಿ ಇರುತ್ತದೆ. ಮೊದಮೊದಲು ನನಗೆ ಇದು ಸುಮ್ನೆ ಹಟ ಅನಿಸಿತ್ತು. ಆಮೇಲೆ ಒಂದು ಸಾರಿ ನಮ್ಮ ಜೊತೆ ಕೆಲಸ ಮಾಡೋಕೆ ಒಂದು ಕಂಪನಿಯವರು ಬಂದರು. ಯಾವ ತಂತ್ರಾಂಶ ಅವರು ಬಳಸಬಹುದು, ಯಾವುದು ಬಳಸಬಾರದು ಅಂತ ಪಟ್ಟಿ ಕೇಳಿದರು. ನಾನು ಯಾವ ಪ್ಯಾಕೇಜು ಯಾವ ವಿಭಾಗದಿಂದ ಬಂದಿದೆ ಅಂತ ನೋಡಿ ಹತ್ತು ನಿಮಿಷದಲ್ಲಿ ಮೊದಲ ಪಟ್ಟಿ ಕೊಟ್ಟೆ. ಯಾರೋ ಪ್ರತಿಯೊಂದರ ಲೈಸೆನ್ಸನ್ನೂ ಓದಿ ವಿಂಗಡಿಸಿ ಇಟ್ಟಿದ್ದರಿಂದ ಅದು ಸಾಧ್ಯವಾಯಿತು.

ಇನ್ನು ಕೊರತೆ. ನ್ಯೂರೋಡೆಬಿಯನ್ನಿನಲ್ಲಿರುವ ಎಫ್‌ಎಸ್‌ಎಲ್ 5.0 ಸರಣಿಯದು. ನಿಮಗೆ 6 ಬೇಕು ಅಂದರೆ ಆಕ್ಸ್‌ಫರ್ಡಿನವರದೇ ಇನ್‌ಸ್ಟಾಲರ್ ಬಳಸಬೇಕು, ಅದು ಈಗ ಕೊಂಡಾ ಅನ್ನೋ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯ ಮೂಲಕ ಬರುತ್ತದೆ. ಮಿದುಳಿನ ಭಾಗಗಳನ್ನು ಅಳೆಯುವ ಫ್ರೀಸರ್ಫರ್ ಬೇಕಾದರೂ ಅದರವರ ಹತ್ತಿರವೇ ಹೋಗಿ ಲೈಸೆನ್ಸ್ ಫೈಲ್ ಪಡೆಯಬೇಕು. ಸ್ಕ್ಯಾನ್‌ಗಳನ್ನು ಲೆಕ್ಕಕ್ಕೆ ಸಿದ್ಧಮಾಡುವ ಎಫ್‌ಎಂಆರ್‌ಐಪ್ರೆಪ್ ಅನ್ನು ಅದನ್ನು ಮಾಡಿದವರೇ ಕಂಟೇನರಿನಲ್ಲಿ (ಬೇಕಾದ್ದೆಲ್ಲ ಒಳಗೇ ಇರುವ ಪೆಟ್ಟಿಗೆಯಂಥದ್ದು) ಓಡಿಸಿ ಅನ್ನುತ್ತಾರೆ. ಇವತ್ತಿನ ವಿದ್ಯಾರ್ಥಿಗೆ ಮೊದಲು ಬೇಕಾಗುವ ಮೂರೂ ಇಲ್ಲಿಂದ ಸಿಗುವುದಿಲ್ಲ. 2016ರಲ್ಲಿ ಕೇಳಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಈಗ ನಾಲ್ಕು.

ಇದಕ್ಕೆ ಕಾರಣವೂ ಕಣ್ಣೆದುರಿಗೇ ಇದೆ. ಕಂಟೇನರ್ ಬಂದ ಮೇಲೆ ತಂತ್ರಾಂಶ ಬರೆಯುವವರೇ ಬೇಕಾದ ಲೈಬ್ರರಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ ಕೊಡುತ್ತಿದ್ದಾರೆ. ಪೆಟ್ಟಿಗೆ ಚೆನ್ನಾಗಿ ಓಡುತ್ತದೆ. ಆದರೆ ಆ ಪೆಟ್ಟಿಗೆಯ ಒಳಗೆ ಏನಿದೆ ಅಂತ ನೋಡಿ. ಬಹಳಷ್ಟು ಸಲ ಡೆಬಿಯನ್ ಅಥವಾ ಉಬುಂಟುವೇ ಇರುತ್ತದೆ, ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಇರುತ್ತದೆ, ಎಷ್ಟೋ ಸಲ ನ್ಯೂರೋಡೆಬಿಯನ್ನಿನ ಸಾಲೂ ಇರುತ್ತದೆ. ಇಂಥ ಪೆಟ್ಟಿಗೆಗಳು ಸಿಗುವ ಡಾಕರ್ ಹಬ್‌ನ ಅಧಿಕೃತ ಇಮೇಜುಗಳಲ್ಲಿ (ಕಂಟೇನರಿನ ಅಚ್ಚುಗಳಲ್ಲಿ) ನ್ಯೂರೋಡೆಬಿಯನ್ ಕೂಡ ಒಂದು.

ನ್ಯೂರೋಡೆಬಿಯನ್ನಿನ ಬೆಲೆ ನನಗೆ ಗೊತ್ತಾಗಿದ್ದು 2021ರಲ್ಲಿ. ನಾಲ್ಕು ವರ್ಷ ಹಿಂದೆ ಮಾಡಿದ ಒಂದು ಅಧ್ಯಯನ, ಆಗ ಐದರಲ್ಲಿ ಒಂದು ಕಂಪ್ಯೂಟರಿಗೆ ಡೆಬಿಯನ್ 9 ಹಾಕಿ ಅದರಲ್ಲೇ ಎಲ್ಲ ಲೆಕ್ಕ ಮಾಡಿದ್ದೆವು. ಲೇಖನ ಓದಿದ ವಿಮರ್ಶಕರು ಇಬ್ಬರ ಸ್ಕ್ಯಾನ್ ಬಿಟ್ಟು ಮತ್ತೆ ಲೆಕ್ಕ ಮಾಡಿ ತೋರಿಸಿ ಅಂದರು. ಅಷ್ಟರಲ್ಲಿ ಆ ಕಂಪ್ಯೂಟರಿನ ಡಿಸ್ಕ್ ಹೋಗಿತ್ತು. ಡೇಟಾ, ಸ್ಕ್ರಿಪ್ಟ್ ಬೇರೆ ಕಡೆ ಭದ್ರವಾಗಿದ್ದವು. ತಂತ್ರಾಂಶಗಳು ಮಾತ್ರ ಇರಲಿಲ್ಲ. ಅದರಲ್ಲೂ ಪೈಎಂವಿಪಿಎ ಅನ್ನೋ ಲೆಕ್ಕದ ಲೈಬ್ರರಿಯನ್ನು ಪೈಥಾನ್ 2ರಲ್ಲಿ ಬಳಸಿದ್ದೆವು. 2020ರ ಜನವರಿಗೆ ಪೈಥಾನ್ 2ರ ಕಾಲ ಮುಗಿದಿತ್ತು.

ಇಲ್ಲಿ ಆವೃತ್ತಿ ಬದಲಾದರೆ ಏನು ಮಹಾ ಆಗುತ್ತದೆ ಅಂದುಕೊಳ್ಳಬೇಡಿ. ಫಲಿತಾಂಶವೇ ಬದಲಾಗಬಹುದು. 2012ರಲ್ಲಿ ಪ್ಲಾಸ್ ಒನ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅದೇ ಸ್ಕ್ಯಾನ್‌ಗಳನ್ನು ಫ್ರೀಸರ್ಫರ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಓಡಿಸಿ ನೋಡಿದ್ದರು. ಮಿದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ 8.8 ಶೇಕಡಾ, ಹೊರಪದರದ ದಪ್ಪದಲ್ಲಿ 2.8 ಶೇಕಡಾ ವ್ಯತ್ಯಾಸ ಬಂದಿತ್ತು. ಕಾಯಿಲೆಯಿಂದ ಆಗುವ ಬದಲಾವಣೆ ಹುಡುಕುತ್ತಿರುವವರಿಗೆ ಇದು ಸಣ್ಣ ಅಂಕಿ ಅಲ್ಲ.

ನ್ಯೂರೋಡೆಬಿಯನ್ನಿನಲ್ಲಿ 'ಎನ್‌ಡಿ ಫ್ರೀಝ್' ಅಂತ ಒಂದು ಸ್ಕ್ರಿಪ್ಟ್ ಇದೆ. ಅದಕ್ಕೆ ಒಂದು ತಾರೀಖು ಕೊಟ್ಟರೆ ಸಾಕು. ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಭಂಡಾರದಲ್ಲಿ 2005ರಿಂದೀಚಿನ ಪ್ಯಾಕೇಜುಗಳು ತಾರೀಖಿನ ಪ್ರಕಾರ ಸಿಗುತ್ತವೆ, ನ್ಯೂರೋಡೆಬಿಯನ್ನಿಗೂ ಅಂಥದ್ದೊಂದಿದೆ. ಈ ಸ್ಕ್ರಿಪ್ಟು ಆಪ್ಟ್ ಅನ್ನು ಆ ದಿನದ ಭಂಡಾರಕ್ಕೆ ತಿರುಗಿಸಿಬಿಡುತ್ತದೆ. ನಾನು ಡೆಬಿಯನ್ 9ರ ನ್ಯೂರೋಡೆಬಿಯನ್ ಇಮೇಜು ಇಳಿಸಿಕೊಂಡೆ. ಲ್ಯಾಬ್ ನೋಟ್‌ಬುಕ್‌ನಲ್ಲಿ ಬರೆದಿದ್ದ ತಾರೀಖು ಕೊಟ್ಟೆ. ಪ್ಯಾಕೇಜುಗಳು ಒಂದೊಂದಾಗಿ ಬಂದು ಕೂತವು, 2017ರ ಆವೃತ್ತಿ ಸಂಖ್ಯೆಗಳೊಂದಿಗೆ.

ಮೊದಲು ಯಾರನ್ನೂ ಬಿಡದೆ ಹಳೆಯ ಲೆಕ್ಕವನ್ನೇ ಓಡಿಸಿದೆ. ರಾತ್ರಿ ಬಿಟ್ಟು ಹೋಗಿ ಬೆಳಿಗ್ಗೆ ಬಂದು ಹಳೆಯ ಟೇಬಲ್ ಪಕ್ಕಕ್ಕಿಟ್ಟು ನೋಡಿದೆ. ಪ್ರತಿ ಸಾಲೂ ಹೊಂದಿತು. ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ಅಬ್ಬಾ, ಬದುಕಿದ್ವಿ ಕಣಮ್ಮಾ" ಅಂದರು. ಆಮೇಲೆ ಇಬ್ಬರನ್ನು ಬಿಟ್ಟು ಲೆಕ್ಕ ಮಾಡಿ ಕಳಿಸಿದೆವು.

ಒಂದು ಎಚ್ಚರಿಕೆ. ಉಬುಂಟುವನ್ನು ಒಂದು ಆವೃತ್ತಿಯಿಂದ ಮುಂದಿನದಕ್ಕೆ ಏರಿಸುವಾಗ ಅದು ಹೊರಗಿನ ಭಂಡಾರಗಳನ್ನೆಲ್ಲ ಆಫ್ ಮಾಡಿಬಿಡುತ್ತದೆ. 18.04ರಿಂದ 20.04ಕ್ಕೆ ಹೋದಾಗ ನಾನು ಮತ್ತೆ ಆನ್ ಮಾಡೋದು ಮರೆತೆ. ಆರು ತಿಂಗಳು ಎರಡು ಕಂಪ್ಯೂಟರಿಗೆ ನ್ಯೂರೋಡೆಬಿಯನ್ನಿನ ಯಾವ ಅಪ್‌ಡೇಟೂ ಬಂದಿರಲಿಲ್ಲ. ಎಲ್ಲ ಸರಿಯಾಗಿ ಓಡುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಈಗ ಪ್ರತಿ ಅಪ್‌ಗ್ರೇಡ್ ಆದ ಮೇಲೆ ಸೋರ್ಸಸ್ ಲಿಸ್ಟ್ ಫೋಲ್ಡರ್ ತೆರೆದು ನೋಡುತ್ತೇನೆ. ನೀವೂ ನೋಡಿ.

ಬೇರೆ ದಾರಿಗಳೂ ಇವೆ. ಫೆಡೋರಾ ಬಳಸುವವರಿಗೆ ನ್ಯೂರೋಫೆಡೋರಾ ಇದೆ. ನೆಸ್ಟ್, ನ್ಯೂರಾನ್, ಬ್ರಯನ್ ಥರದ, ನರಕೋಶಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರ್‌ಗಳ ಕೆಲಸಕ್ಕೆ ಅದು ಒಳ್ಳೆಯದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಿಂದ ಶುರುವಾದ ನ್ಯೂರೋಡೆಸ್ಕ್ ಕಂಟೇನರುಗಳನ್ನೇ ನಂಬಿದೆ. ಬ್ರೌಸರಿನಲ್ಲೇ ಪೂರ್ತಿ ಡೆಸ್ಕ್‌ಟಾಪ್ ಸಿಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ತಂದ ವಿದ್ಯಾರ್ಥಿಗಳಿಗೆ ಈಗ ನಾನು ಅದನ್ನೇ ಹೇಳುತ್ತೇನೆ. ಆದರೆ ವರ್ಷಗಟ್ಟಲೆ ಇಟ್ಟುಕೊಂಡು ನಡೆಸಬೇಕಾದ ಲ್ಯಾಬ್ ಕಂಪ್ಯೂಟರಿಗೆ ನನ್ನ ಆಯ್ಕೆ ಇವತ್ತಿಗೂ ಇದು: ಕೆಳಗೆ ಡೆಬಿಯನ್, ಅದರ ಮೇಲೆ ನ್ಯೂರೋಡೆಬಿಯನ್ನಿನಿಂದ ದಿನಬಳಕೆಯ ಸಾಧನಗಳು, ಅದರ ಮೇಲೆ ದೊಡ್ಡ ತಂತ್ರಾಂಶಗಳಿಗೆ ಕಂಟೇನರು.

ಶುರು ಮಾಡುವವರು ಆಪ್ಟ್‌ನಿಂದ 'ನ್ಯೂರೋಡೆಬಿಯನ್' ಅನ್ನೋ ಪ್ಯಾಕೇಜನ್ನೇ ಮೊದಲು ಹಾಕಿಕೊಳ್ಳಿ. ಭಂಡಾರದ ವಿಳಾಸ, ಸಹಿ ಪರೀಕ್ಷಿಸುವ ಕೀ ಎರಡನ್ನೂ ಅದು ನೋಡಿಕೊಳ್ಳುತ್ತದೆ. ಯಾವ ಮಿರರ್ (ಭಂಡಾರದ ನಕಲು ಇರುವ ಸರ್ವರ್) ಅಂತ ಕೇಳಿದಾಗ ಎರಡು ಮೂರು ಪ್ರಯತ್ನಿಸಿ ನೋಡಿ, ನಿಮ್ಮ ನೆಟ್‌ಗೆ ಯಾವುದು ವೇಗವೋ ಅದನ್ನು ಇಟ್ಟುಕೊಳ್ಳಿ. ಆಮೇಲೆ ಪ್ರತಿ ಅಧ್ಯಯನ ಶುರು ಮಾಡುವ ದಿನ ಡಿಪಿಕೆಜಿ ಹೈಫನ್ ಎಲ್ ಅನ್ನೋ ಕಮಾಂಡ್ ಕೊಟ್ಟು ಬಂದ ಪ್ಯಾಕೇಜುಗಳ ಪಟ್ಟಿಯನ್ನು ಡೇಟಾ ಜೊತೆಗೇ ಉಳಿಸಿ. ತಾರೀಖನ್ನು ಕೈಯಲ್ಲಿ ನೋಟ್‌ಬುಕ್‌ನಲ್ಲೂ ಬರೆದಿಡಿ. ನಮ್ಮಲ್ಲಿ ಡಿಸ್ಕ್ ಹೋದಾಗ ಉಳಿದಿದ್ದು ಆ ನೋಟ್‌ಬುಕ್.