ಫ್ಲೈಯಿಂಗ್ ವಿ ತಗೊಳ್ಳಲಾ, ಎಕ್ಸ್‌ಪ್ಲೋರರ್ ತಗೊಳ್ಳಲಾ? ಆರು ವಾರ ಎರಡನ್ನೂ ನುಡಿಸಿ ನೋಡಿದೆ

ಗಿಟಾರ್‌ನಲ್ಲಿ ಹೆವಿ ಮೆಟಲ್ ಸಂಗೀತ ನುಡಿಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹತ್ತಿಕೊಳ್ಳುತ್ತದೆ. ಕೈಯಲ್ಲಿ ಮಾಮೂಲಿ ಆಕಾರದ ಗಿಟಾರ್ ಇದ್ದರೂ ಕಣ್ಣು ಮಾತ್ರ ಚೂಪು ಮೂಲೆಯ, ರೆಕ್ಕೆ ಬಿಚ್ಚಿದ ಗಿಟಾರಿನ ಮೇಲೆಯೇ ಇರುತ್ತದೆ. ನನಗೆ ಅದು ಹತ್ತಿದ್ದು 2011ರ ಅಕ್ಟೋಬರ್ 30ರಂದು. ಅವತ್ತು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿತ್ತು. ತುಮಕೂರಿನಿಂದ ನಾವು ನಾಲ್ಕು ಜನ ರೈಲು ಹತ್ತಿ ಹೋಗಿದ್ದೆವು. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ, ಎಲ್ಲರ ಕಿವಿಯೂ ಗುಯ್‌ಗುಟ್ಟುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಒಂದೇ ವಿಷಯ ಓಡುತ್ತಿತ್ತು: ಆ ಥರದ್ದೊಂದು ನನ್ನ ಹತ್ತಿರವೂ ಇರಬೇಕು.

ಕೊನೆಗೂ ಈ ವರ್ಷ ದುಡ್ಡು ಹೊಂದಿಸಿಕೊಂಡೆ. ಆಯ್ಕೆ ಎರಡಕ್ಕೆ ಬಂದು ನಿಂತಿತು. ಒಂದು, ಇಂಗ್ಲಿಷಿನ V ಅಕ್ಷರದ ಹಾಗೆ ಎರಡು ರೆಕ್ಕೆ ಇರುವ ಎಪಿಫೋನ್ ಫ್ಲೈಯಿಂಗ್ ವಿ, ಇನ್ನೊಂದು, ಓರೆ ಮೂಲೆಗಳ ದೊಡ್ಡ ಬಾಡಿಯ ಎಪಿಫೋನ್ ಎಕ್ಸ್‌ಪ್ಲೋರರ್. ಎಪಿಫೋನ್ ಅನ್ನುವುದು ಈ ಆಕಾರಗಳನ್ನು ಮೊದಲು ಮಾಡಿದ ಅಮೆರಿಕದ ಗಿಬ್ಸನ್ ಕಂಪನಿಯವರದ್ದೇ ಬ್ರ್ಯಾಂಡ್, ಹಾಗಾಗಿ ಇವು ಯಾರೋ ಕದ್ದು ಮಾಡಿದ ನಕಲುಗಳಲ್ಲ. ಗಿಬ್ಸನ್ ಅಂತ ಹೆಸರಿರುವುದು ಬೇಕೆಂದರೆ ಬೆಲೆ ಹಲವು ಪಟ್ಟು ಜಾಸ್ತಿ, ಅದು ನನ್ನ ಕೈಗೆ ಎಟುಕುವಂಥದ್ದಲ್ಲ. ಇವೇ ಅರ್ಧ ಲಕ್ಷ ದಾಟುತ್ತವೆ. ಅಷ್ಟು ದುಡ್ಡು ಹಾಕುವಾಗ ಬರೀ ಫೋಟೋ ನೋಡಿ ತಗೊಳ್ಳೋಕೆ ಮನಸ್ಸು ಬರಲಿಲ್ಲ. ತುಮಕೂರಿನ ಅಂಗಡಿಗಳಲ್ಲಿ ಅಕೂಸ್ಟಿಕ್, ಕೀಬೋರ್ಡ್, ತಬಲಾ, ಹಾರ್ಮೋನಿಯಂ ಎಲ್ಲ ಸಿಗುತ್ತವೆ, ಈ ಎರಡು ಮಾತ್ರ ನಾನು ಹೋದ ಕಡೆ ಎಲ್ಲೂ ಇರಲಿಲ್ಲ. ಪುಣ್ಯಕ್ಕೆ ಕ್ಯಾತ್ಸಂದ್ರದಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ಹತ್ತಿರ ವಿ ಇತ್ತು, ನಮ್ಮ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಹತ್ತಿರ ಎಕ್ಸ್‌ಪ್ಲೋರರ್ ಇತ್ತು. ಇಬ್ಬರನ್ನೂ ಕಾಡಿ ಬೇಡಿ ಆರು ವಾರಕ್ಕೆ ಎರಡನ್ನೂ ಮನೆಗೆ ತಂದಿಟ್ಟುಕೊಂಡೆ. ಇವತ್ತು ಒಂದು, ನಾಳೆ ಇನ್ನೊಂದು, ಹೀಗೆ.

ವಿ ಅನ್ನು ಬ್ಯಾಗಿನಿಂದ ತೆಗೆದಾಗ ನಮ್ಮ ಅಜ್ಜಿ ಕೇಳಿದ್ದು, "ಇದೇನ್ ಮಗ, ಬಾಣದ ತುದಿ ಇದ್ದಂಗೈತೆ?" 1958ರಲ್ಲಿ ಗಿಬ್ಸನ್‌ನವರು ಈ ಎರಡೂ ಆಕಾರಗಳನ್ನು ಮೊದಲ ಸಲ ಮಾರುಕಟ್ಟೆಗೆ ಬಿಟ್ಟಾಗ ಅಮೆರಿಕದ ಜನಕ್ಕೂ ಹಾಗೇ ಅನಿಸಿರಬೇಕು. ಆಗ ಟೆಡ್ ಮೆಕಾರ್ಟಿ ಕಂಪನಿಯ ಅಧ್ಯಕ್ಷರು. ವಿ ಮೊದಲ ವರ್ಷ ಹೋದದ್ದು 81, ಮರುವರ್ಷ 17, ಅಷ್ಟೇ. ಎಕ್ಸ್‌ಪ್ಲೋರರ್ ಅದಕ್ಕಿಂತಲೂ ಕಡಿಮೆ. ಎರಡನ್ನೂ ನಿಲ್ಲಿಸಿಬಿಟ್ಟರು. ಬ್ಲೂಸ್ ನುಡಿಸುತ್ತಿದ್ದ ಆಲ್ಬರ್ಟ್ ಕಿಂಗ್ ಥರದ ಕೆಲವೇ ಜನ ವಿ ಹಿಡಿದುಕೊಂಡಿದ್ದರು. ಆಮೇಲೆ ಜೂಡಾಸ್ ಪ್ರೀಸ್ಟ್‌ನ ಕೆ.ಕೆ. ಡೌನಿಂಗ್, ಮೈಕೆಲ್ ಶೆಂಕರ್, ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಗೆ ವಿ ಬಂತು, ಜೇಮ್ಸ್ ಹೆಟ್‌ಫೀಲ್ಡ್ ಕೈಗೆ ಬಿಳಿ ಎಕ್ಸ್‌ಪ್ಲೋರರ್ ಬಂತು. ಅಲ್ಲಿಂದ ಇವು ನಮ್ಮವಾದವು.

ಈಗ ವಿಷಯಕ್ಕೆ ಬರುತ್ತೇನೆ. ಆಕಾರ ಬಿಟ್ಟರೆ ಈ ಎರಡು ಗಿಟಾರ್ ಒಂದೇ ಮನೆಯ ಅಣ್ಣ ತಮ್ಮ. ಎರಡರದ್ದೂ ಮಹಾಗನಿ ಬಾಡಿ, ಎರಡರದ್ದೂ ಅಂಟಿಸಿ ಕೂರಿಸಿದ ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಕತ್ತು). 22 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು), 24.75 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), ಪ್ರೋಬಕರ್ ಅನ್ನುವ ಹಂಬಕರ್ ಪಿಕಪ್‌ಗಳು (ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ), ಎರಡು ವಾಲ್ಯೂಮ್, ಒಂದು ಟೋನ್. ಅದಕ್ಕೇ ಸೌಂಡ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದೇ ಆಂಪ್, ಒಂದೇ ಸೆಟ್ಟಿಂಗ್, ಒಂದೇ ತಂತಿ ಹಾಕಿ ನಾನು ರೆಕಾರ್ಡ್ ಮಾಡಿದೆ. ಯಾವುದು ಯಾವುದೆಂದು ನಮ್ಮ ಡ್ರಮ್ಮರ್‌ಗೆ ಗೊತ್ತಾಗಲಿಲ್ಲ, ಎರಡು ದಿನ ಬಿಟ್ಟು ಕೇಳಿದರೆ ನನಗೂ ಗೊತ್ತಾಗಲಿಲ್ಲ. ಎಕ್ಸ್‌ಪ್ಲೋರರ್‌ಗೆ ಮರ ಜಾಸ್ತಿ, ಆದ್ದರಿಂದ ಸೌಂಡ್ ದಪ್ಪ ಅಂತ ಯಾರಾದರೂ ಹೇಳಿದರೆ, ಹೈ ಗೇನ್‌ನಲ್ಲಿ, ಅಂದರೆ ಆಂಪ್‌ನಲ್ಲಿ ಸದ್ದನ್ನು ಒರಟಾಗಿಸಿ, ಕಣ್ಣು ಮುಚ್ಚಿ ಕೇಳಿ ನೋಡಿ ಅಂತಲೇ ನಾನು ಹೇಳುವುದು.

ಸೌಂಡ್ ವಿಷಯದಲ್ಲಿ ಇನ್ನೊಂದು ಮಾತು, ಇದು ಯಾವ ಗಿಟಾರ್ ತಗೊಂಡರೂ ಬೇಕಾಗುತ್ತದೆ. ಮೊದಲ ವಾರ ಎರಡರಲ್ಲೂ ಒಂದು ಥರ ಜೊಂಯ್ ಅನ್ನುವ ಸದ್ದು, ತಂತಿ ಮುಟ್ಟಿದರೆ ಕಡಿಮೆಯಾಗುತ್ತಿತ್ತು, ಬಿಟ್ಟರೆ ಮತ್ತೆ ಶುರು. ಪಿಕಪ್ ಸರಿ ಇಲ್ಲ ಅಂದುಕೊಂಡೆ. ಆದರೆ ಹಂಬಕರ್ ಹುಟ್ಟಿದ್ದೇ ಆ ಹಮ್ ಕಡಿಮೆ ಮಾಡೋಕೆ, ಅಲ್ವಾ? ಅದೂ ಎರಡು ಗಿಟಾರ್‌ನಲ್ಲಿ ಒಂದೇ ಸಲ ಹೇಗೆ ಕೆಡುತ್ತದೆ? ಕೊನೆಗೆ ನೋಡಿದರೆ ಅದು ನಮ್ಮ ಮನೆಯ ಅರ್ಥಿಂಗ್. ಬೇಸಿಗೆಯಲ್ಲಿ ಗುಂಡಿ ಒಣಗಿ ಹೋಗಿತ್ತು. ಎಲೆಕ್ಟ್ರಿಷಿಯನ್ ಬಂದು ವೈರ್ ಬಿಗಿ ಮಾಡಿ, ಗುಂಡಿಗೆ ನಾಲ್ಕು ಕೊಡ ನೀರು ಹಾಕಿಸಿದರು. ಸದ್ದು ಅರ್ಧಕ್ಕರ್ಧ ಇಳಿಯಿತು. ನಮ್ಮ ಬಯಲುಸೀಮೆಯ ಹಳೇ ಮನೆಗಳಲ್ಲಿ ಇದು ಇದ್ದದ್ದೇ. ಗಿಟಾರ್ ವಾಪಸ್ ಕಳಿಸುವ ಮುಂಚೆ ಒಮ್ಮೆ ಚೆಕ್ ಮಾಡಿಸಿ, ಅದು ನಿಮ್ಮ ಜೀವಕ್ಕೂ ಒಳ್ಳೆಯದು.

ಹಾಗಾದರೆ ಆಯ್ಕೆ ಮಾಡುವುದು ಯಾವುದರ ಮೇಲೆ? ನನ್ನ ಪ್ರಕಾರ ಒಂದೇ ಪ್ರಶ್ನೆ. ಇದು ನಿಮ್ಮ ಮೈಮೇಲೆ ಹೇಗೆ ಕೂರುತ್ತದೆ?

ಎಲ್ಲರೂ ಹೇಳುವ ಮಾತು ಒಂದಿದೆ: ವಿ ಅನ್ನು ಕೂತು ನುಡಿಸೋಕಾಗಲ್ಲ, ಮನೆಯಲ್ಲಿ ಪ್ರಾಕ್ಟೀಸ್ ಮಾಡುವವರು ಎಕ್ಸ್‌ಪ್ಲೋರರ್ ತಗೊಳ್ಳಿ. ನಾನೂ ಅದನ್ನೇ ನಂಬಿಕೊಂಡು ಶುರು ಮಾಡಿದೆ. ಮೊದಲ ದಿನ ಅದು ನಿಜ ಅಂತಲೇ ಅನಿಸಿತು. ಎಕ್ಸ್‌ಪ್ಲೋರರ್ ಬಲತೊಡೆಯ ಮೇಲೆ ಇಟ್ಟರೆ ಸುಮ್ನೆ ಕೂರುತ್ತದೆ. ವಿ ಅನ್ನು ಹಾಗೇ ಇಟ್ಟರೆ ಕೆಳಗಿನ ರೆಕ್ಕೆ ಜಾರಿಕೊಂಡು ನೆಲಕ್ಕೆ ಹೋಗುತ್ತದೆ, ಎಡಗೈಯಲ್ಲಿ ಫ್ರೆಟ್ ಒತ್ತುವುದೋ ಗಿಟಾರ್ ಹಿಡಿದುಕೊಳ್ಳುವುದೋ ತಿಳಿಯುವುದಿಲ್ಲ.

ಆದರೆ ವಿ ಅನ್ನು ಹಾಗೆ ಇಡಲೇಬಾರದು. ಬಲತೊಡೆಯನ್ನು ಆ ಎರಡು ರೆಕ್ಕೆಗಳ ಸಂದಿಯಲ್ಲಿ ಸೇರಿಸಬೇಕು. ಕೆಳಗಿನ ರೆಕ್ಕೆ ಎರಡು ಕಾಲಿನ ನಡುವೆ ಬರುತ್ತದೆ, ಮೇಲಿನದ್ದು ತೊಡೆಯ ಹೊರಗೆ. ಆಗ ನೆಕ್ ತಾನಾಗಿ ಮೇಲಕ್ಕೆ ಏಳುತ್ತದೆ, ತಲೆ ನಮ್ಮ ಮುಖದ ಮಟ್ಟಕ್ಕೆ ಬರುತ್ತದೆ. ಕ್ಲಾಸಿಕಲ್ ಗಿಟಾರ್ ನುಡಿಸುವವರು ಕೂರುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ಮೂರು ದಿನ ವಿಚಿತ್ರ ಅನಿಸಿತು. ನಾಲ್ಕನೇ ದಿನ ಒಂದು ಗಂಟೆ ನುಡಿಸಿ ಎದ್ದ ಮೇಲೆ ಏನೋ ಒಂದು ಇಲ್ಲ ಅನಿಸಿತು. ಯೋಚಿಸಿದರೆ, ಎಡಗೈ ಮಣಿಕಟ್ಟಿನ ನೋವು ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು, ಸಂಜೆ ಗಿಟಾರ್ ಹಿಡಿದರೆ ಅರ್ಧ ಗಂಟೆಗೆಲ್ಲ ಮಣಿಕಟ್ಟು ಸೆಳೆಯುತ್ತಿತ್ತು. ಬಲತೊಡೆಯ ಮೇಲೆ ಗಿಟಾರ್ ಇಟ್ಟಾಗ ನೆಕ್ ನೆಲಕ್ಕೆ ಸಮವಾಗಿ ಮಲಗುತ್ತದೆ. ಮೊದಲ ನಾಲ್ಕು ಫ್ರೆಟ್‌ಗಳಲ್ಲಿ ಪವರ್ ಕಾರ್ಡ್ (ಎರಡು ಮೂರು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯೋಕೆ, ಕಿರುಬೆರಳು ಚಾಚೋಕೆ ಮಣಿಕಟ್ಟನ್ನು ಒಳಕ್ಕೆ ಮಡಿಸಲೇಬೇಕು. ಮೆಟಲ್‌ನಲ್ಲಿ ಅಲ್ಲೇ ತಾನೇ ನಮ್ಮ ಅರ್ಧ ಜೀವನ. ವಿ ನೆಕ್ ಮೇಲೆ ಎತ್ತಿ ಕೊಟ್ಟಾಗ ಮೊಣಕೈಯಿಂದ ಬೆರಳಿನವರೆಗೆ ಕೈ ಹೆಚ್ಚು ಕಡಿಮೆ ನೆಟ್ಟಗಿರುತ್ತದೆ. ಬೇರೆ ಗಿಟಾರ್‌ನಲ್ಲೂ ಹೀಗೆ ಕೂರಬಹುದು, ನಿಜ, ಆದರೆ ವಿ ಬೇರೆ ಥರ ಕೂರೋಕೆ ಬಿಡುವುದೇ ಇಲ್ಲ. ಜನ ಅದರ ದೋಷ ಅನ್ನುವುದೇ ನನಗೆ ಅದರ ದೊಡ್ಡ ಗುಣ ಅನಿಸಿತು.

ಜಾರುವುದಕ್ಕೂ ಒಂದು ದಾರಿ ಸಿಕ್ಕಿತು. 1958ರ ಮೊದಲ ವಿ ಗಿಟಾರ್‌ಗಳಿಗೆ ಕೆಳಗಿನ ಅಂಚಿನಲ್ಲಿ ಗೀರುಗೀರಾದ ರಬ್ಬರ್ ಪಟ್ಟಿ ಇರುತ್ತಿತ್ತು, ತೊಡೆಯ ಮೇಲೆ ಜಾರದಿರಲಿ ಅಂತ. ನಾನು ನುಡಿಸಿದ್ದರಲ್ಲಿ ಅದಿರಲಿಲ್ಲ. ಬಟವಾಡಿ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಕೇಳಿದೆ, ದುಡ್ಡೂ ತಗೊಳ್ಳಲಿಲ್ಲ. ಎರಡು ಬೆರಳಗಲ, ಒಂದು ಗೇಣು ಉದ್ದ ಕತ್ತರಿಸಿ, ಪೌಡರ್ ಹೋಗುವ ಹಾಗೆ ಸೋಪು ಹಾಕಿ ತೊಳೆದು ಒಣಗಿಸಿ, ಡಬಲ್ ಸೈಡ್ ಟೇಪಿನಿಂದ ರೆಕ್ಕೆಯ ಒಳ ಅಂಚಿಗೆ ಅಂಟಿಸಿದೆ. ಆಮೇಲೆ ಗಿಟಾರ್ ಅಲ್ಲಾಡಿಲ್ಲ. ಒಂದು ಎಚ್ಚರಿಕೆ: ಗಿಬ್ಸನ್‌ನ ನೈಟ್ರೋ ಲ್ಯಾಕರ್ ಇರುವ ಗಿಟಾರ್ ಆದರೆ ಇದನ್ನು ಮಾಡಬೇಡಿ, ರಬ್ಬರ್ ತಗುಲಿ ಪಾಲಿಶ್ ಹಾಳಾಗುತ್ತದೆ.

ಎಕ್ಸ್‌ಪ್ಲೋರರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಕೆಲಸವೇ ಬೇರೆ. ಬಲಗೈ ಇಟ್ಟುಕೊಳ್ಳೋಕೆ ಅಷ್ಟು ದೊಡ್ಡ ಜಾಗ ಬೇರೆ ಯಾವ ಗಿಟಾರ್‌ನಲ್ಲೂ ನಾನು ಕಂಡಿಲ್ಲ. ಮುಂಗೈ ಭಾರ ಪೂರ್ತಿ ಬಾಡಿ ಮೇಲೆ ಬಿಟ್ಟು, ಅಂಗೈಯನ್ನು ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಪಟ್ಟಿ) ಮೇಲೆ ಊರಿ ತಂತಿಯ ಸದ್ದು ಅಡಗಿಸಿ ಪಾಮ್ ಮ್ಯೂಟ್ ಮಾಡಿದರೆ ಬರೀ ಮಣಿಕಟ್ಟು ಮಾತ್ರ ಕೆಲಸ ಮಾಡುತ್ತದೆ. ಹತ್ತು ನಿಮಿಷ ಬಿಡದೆ ಡೌನ್‌ಪಿಕಿಂಗ್ (ತಂತಿಯನ್ನು ಕೆಳಮುಖವಾಗಿಯೇ ಹೊಡೆಯುವುದು) ಮಾಡಿದರೂ ಭುಜ ಸೋಲಲಿಲ್ಲ. ಹೆಟ್‌ಫೀಲ್ಡ್ ಥರದ ರಿದಮ್ ಗಿಟಾರಿಸ್ಟ್ ಇದನ್ನು ಯಾಕೆ ಬಿಡಲಿಲ್ಲ ಅಂತ ಆಗ ನನ್ನ ಕೈಗೆ ಅರ್ಥವಾಯಿತು. ಪಿಕಪ್ ಸ್ವಿಚ್ ಕೂಡ ದೂರ, ಕೆಳಗಿನ ಕೊಂಬಿನ ತುದಿಯಲ್ಲಿದೆ, ಜೋರಾಗಿ ಹೊಡೆಯುವಾಗ ಕೈ ತಗುಲಿ ಬದಲಾಗುವ ಭಯವಿಲ್ಲ. ತೊಂದರೆ ಏನೆಂದರೆ ಬಾಡಿಯ ಆ ಚೂಪು ಅಂಚು. ತುಂಬುತೋಳಿಲ್ಲದ ಅಂಗಿ ಹಾಕಿ ಒಂದು ಗಂಟೆ ನುಡಿಸಿದರೆ ಮುಂಗೈ ಮೇಲೆ ಕೆಂಪು ಗೆರೆ ಬೀಳುತ್ತದೆ. ನನ್ನ ಹಾಗೆ ಕುಳ್ಳಗಿರುವವರಿಗೆ ಅದನ್ನು ಸುತ್ತಿ ಹಿಡಿದುಕೊಳ್ಳುವುದೇ ಒಂದು ಕೆಲಸ.

ಮಂಡಿಪೇಟೆಯಲ್ಲಿ ನಮ್ಮ ಮಾವನ ದಿನಸಿ ಅಂಗಡಿ ಇದೆ. ಎರಡನ್ನೂ ಅಲ್ಲಿನ ತಕ್ಕಡಿಯಲ್ಲಿ ತೂಗಿದೆವು, ಬೆಲ್ಲದ ಮೂಟೆ ಪಕ್ಕಕ್ಕೆ ಸರಿಸಿ. ವಿ 3 ಕೆಜಿಗೆ ಸ್ವಲ್ಪ ಮೇಲೆ, ಎಕ್ಸ್‌ಪ್ಲೋರರ್ ಮೂರೂವರೆ ದಾಟಿತು. ಮರದ ತುಂಡಿನ ಮೇಲೆ ತೂಕ ಬದಲಾಗುತ್ತದೆ, ನಿಮ್ಮದು ಬೇರೆ ಬರಬಹುದು. ನಿಂತು ಎರಡು ಗಂಟೆ ರಿಹರ್ಸಲ್ ಮಾಡಿದ ದಿನ ಆ ಅರ್ಧ ಕೆಜಿ ಭುಜಕ್ಕೆ ಚೆನ್ನಾಗಿ ಗೊತ್ತಾಯಿತು. ಆದರೆ ನಿಂತಾಗ ವಿ ಸ್ವಲ್ಪ ತಲೆ ಬಗ್ಗಿಸುತ್ತದೆ, ಬಾಡಿ ಹಗುರ ಅಲ್ವಾ. ಒಳಗಡೆ ಒರಟಾಗಿರುವ ಅಗಲದ ಚರ್ಮದ ಸ್ಟ್ರಾಪ್ ಹಾಕಿದ ಮೇಲೆ ನಿಂತಿತು. ನುಣುಪು ನೈಲಾನ್ ಸ್ಟ್ರಾಪ್ ಬೇಡವೇ ಬೇಡ. ಮೇಲಿನ ಫ್ರೆಟ್‌ಗಳಿಗೆ ಹೋಗುವುದರಲ್ಲಿ ವಿ ಮುಂದೆ ಎಕ್ಸ್‌ಪ್ಲೋರರ್ ನಿಲ್ಲುವುದಿಲ್ಲ. ಕೈಗೆ ಅಡ್ಡ ಬರುವಂಥದ್ದು ಏನೂ ಇಲ್ಲ, 22ನೇ ಫ್ರೆಟ್‌ವರೆಗೂ ದಾರಿ ಸಲೀಸು. ಲೀಡ್ ನುಡಿಸುವವರು ಇದನ್ನು ಗಮನಿಸಿ.

ಶ್ರುತಿ ಇಳಿಸುವವರಿಗೆ ಒಂದು ಮಾತು. 24.75 ಇಂಚು ಸ್ಕೇಲ್ ಆದ್ದರಿಂದ, 25.5 ಇಂಚಿನ ಗಿಟಾರ್‌ಗೆ ಹೋಲಿಸಿದರೆ ಅದೇ ತಂತಿ ಅದೇ ಶ್ರುತಿಯಲ್ಲಿ ಸುಮಾರು 6% ಸಡಿಲ. ಕಂಪನಿಯಿಂದ ಬರುವ 10-46 ತಂತಿಯಲ್ಲಿ (ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ಅಳತೆ, ಇಂಚಿನ ಸಾವಿರದಲ್ಲಿ) ಡ್ರಾಪ್ ಡಿ, ಅಂದರೆ ದಪ್ಪ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸುವ ತನಕ ಪರವಾಗಿಲ್ಲ. ಇನ್ನೂ ಕೆಳಗೆ, ಡ್ರಾಪ್ ಸಿಗೆ ಹೋದರೆ ದಪ್ಪ ತಂತಿ ಲಟಪಟ ಅನ್ನುತ್ತದೆ. 10-52 ಹಾಕಿ ಇಂಟೊನೇಶನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವುದು) ಸರಿ ಮಾಡಿಸಿಕೊಂಡೆ, ಈಗ ಗಟ್ಟಿಯಾಗಿದೆ. ಯಾವಾಗಲೂ ಅಷ್ಟು ಕೆಳಗೇ ನುಡಿಸುವವರಾದರೆ ಈ ಎರಡನ್ನೂ ಬಿಟ್ಟು ಜಾಕ್ಸನ್ ಕಂಪನಿಯ ರೋಡ್ಸ್ ಗಿಟಾರ್ ಕಡೆ ನೋಡಿ, ಅದರ ಸ್ಕೇಲ್ 25.5. 1982ರಲ್ಲಿ ಬರೀ 25ನೇ ವಯಸ್ಸಿಗೆ ವಿಮಾನ ಅಪಘಾತದಲ್ಲಿ ಹೋದ ಗಿಟಾರಿಸ್ಟ್ ರ್‍ಯಾಂಡಿ ರೋಡ್ಸ್‌ಗಾಗಿ ಹುಟ್ಟಿದ ಆಕಾರ ಅದು, ಒಂದು ರೆಕ್ಕೆ ಉದ್ದ, ಒಂದು ಗಿಡ್ಡ.

ಸಾಗಿಸುವುದು ಎರಡರದ್ದೂ ಕಷ್ಟವೇ. ಮಾಮೂಲಿ ಬ್ಯಾಗಿಗೆ ಎರಡೂ ಹಿಡಿಸುವುದಿಲ್ಲ, ಆಯಾ ಆಕಾರದ ಬ್ಯಾಗನ್ನೇ ತಗೊಳ್ಳಬೇಕು, ಅದರ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬೆಂಗಳೂರಿಗೆ ಎಕ್ಸ್‌ಪ್ಲೋರರ್ ಹೊತ್ತುಕೊಂಡು ಹೋದಾಗ ಮೇಲಿನ ಕ್ಯಾರಿಯರ್‌ನಲ್ಲಿ ಜಾಗ ಸಾಲದೆ ಪೂರ್ತಿ ದಾರಿ ಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಿದ್ದೆ. ವಿ ಬ್ಯಾಗ್ ತುದಿಯಲ್ಲಿ ಕಿರಿದಾಗುತ್ತದೆ, ಸ್ವಲ್ಪ ವಾಸಿ.

ಆರು ವಾರ ಮುಗಿದ ಮೇಲೆ ನಾನು ಆನ್‌ಲೈನಿನಲ್ಲಿ ಕಪ್ಪು ವಿ ಆರ್ಡರ್ ಮಾಡಿದೆ. ಮೊದಲು ಬಂದದ್ದರ ಹೆಡ್‌ಸ್ಟಾಕ್, ಅಂದರೆ ನೆಕ್ ತುದಿಯ ತಲೆ, ಒಡೆದಿತ್ತು. ನಟ್‌ನ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹಿಂದೆ, ಕೂದಲೆಳೆಯಷ್ಟು ಒಂದು ಗೆರೆ. ಬೆಳಕಿಗೆ ಓರೆಯಾಗಿ ಹಿಡಿದಾಗಲೇ ಕಂಡಿದ್ದು. ಈ ಥರದ ಮಹಾಗನಿ ನೆಕ್‌ಗಳಲ್ಲಿ ತಲೆ ಹಿಂದಕ್ಕೆ ಬಾಗಿರುತ್ತದೆ, ದಾರಿಯಲ್ಲಿ ಬಾಕ್ಸ್ ಬಿದ್ದರೆ ಮೊದಲು ಹೋಗುವುದು ಅದೇ ಜಾಗ. ಬಾಕ್ಸ್ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಂಡಿದ್ದೆ, ಅದಿಲ್ಲದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಬದಲಿ ಬರೋಕೆ 19 ದಿನ ಹಿಡಿಯಿತು, ಅಷ್ಟರಲ್ಲಿ ಎಷ್ಟು ಫೋನ್ ಮಾಡಿದೆ ಅಂತ ಲೆಕ್ಕ ಇಟ್ಟಿಲ್ಲ. ನೀವು ತರಿಸುವುದಾದರೆ ವಿಡಿಯೋ ಮರೆಯಬೇಡಿ, ಬಂದ ತಕ್ಷಣ ಆ ಜಾಗವನ್ನು ಟಾರ್ಚ್ ಹಾಕಿ ನೋಡಿ.

ನೀವು ರಿದಮ್ ಜಾಸ್ತಿ ನುಡಿಸುವವರು, ಎತ್ತರ ಇದ್ದೀರಿ, ಮಣಿಕಟ್ಟಿನ ತಕರಾರು ಇಲ್ಲ ಅಂದರೆ ಎಕ್ಸ್‌ಪ್ಲೋರರ್ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಕೂತು ಪ್ರಾಕ್ಟೀಸ್ ಮಾಡುವವರು ಅನ್ನುವ ಒಂದೇ ಕಾರಣಕ್ಕೆ ವಿ ಬಿಡಬೇಡಿ, ಮೊದಲು ಒಂದು ವಾರ ಸರಿಯಾಗಿ ಕೂತು ನೋಡಿ. ಭಾನುವಾರ ಸಂಜೆ ಬಟವಾಡಿಯಲ್ಲಿ ನಮ್ಮ ರಿಹರ್ಸಲ್ ಇರುತ್ತದೆ, ಎರಡೂ ಗಿಟಾರ್ ಅಲ್ಲೇ ಇರುತ್ತವೆ. ಊರಿನವರು ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ ಬಂದು ತೊಡೆಯ ಮೇಲಿಟ್ಟು ನೋಡಬಹುದು. ಕೈಯಿಲ್ಲದ ಸ್ಟೂಲ್ ಒಂದು ಅಲ್ಲೇ ಇಟ್ಟಿದ್ದೇನೆ, ಕೈ ಇರುವ ಕುರ್ಚಿಯಲ್ಲಿ ವಿ ರೆಕ್ಕೆ ತಾಗುತ್ತದೆ.