ಶಿಮಾನೊ ಎಂಟಿ520: ಮುರಕಲ್ಲಿನ ಮೇಲೆ ಟ್ರಯಲ್ಸ್ ಸೈಕಲ್ ಹಿಡಿದು ನಿಲ್ಲಿಸುವ ಬ್ರೇಕು

ಟ್ರಯಲ್ಸ್ ಸೈಕಲ್ಲಿನಲ್ಲಿ ಬ್ರೇಕಿನ ಕೆಲಸ ವೇಗ ತಗ್ಗಿಸುವುದಲ್ಲ, ಚಕ್ರಕ್ಕೆ ಬೀಗ ಹಾಕುವುದು. ಸೀಟೇ ಇಲ್ಲದ ಸೈಕಲ್ಲು ಹಿಂದಿನ ಒಂದೇ ಚಕ್ರದಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವಾಗ ರೋಟರ್ (ಚಕ್ರದ ಜೊತೆ ತಿರುಗುವ, ಬ್ರೇಕು ಹಿಡಿಯುವ ತಟ್ಟೆ) ಕೂದಲೆಳೆಯಷ್ಟು ಜಾರಿದರೂ ಸವಾರ ಅಂಗಾತ ಬೀಳುತ್ತಾನೆ. ಘಟ್ಟ ಇಳಿಯುವವರಿಗೆ ಬೇಕಾದ ಬಿಸಿ ತಡೆಯುವ ಗುಣ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಣ್ಣಗಿದ್ದರೂ ಚಂಡಿಯಾಗಿದ್ದರೂ, ಚಕ್ರ ಮುಂದಕ್ಕೆ ತಿರುಗಲಿ ಹಿಂದಕ್ಕೆ ತಿರುಗಲಿ, ಒಂದೇ ಥರ ಕಚ್ಚಬೇಕು. ಈ ಲೆಕ್ಕದಲ್ಲಿ ರೋಟರನ್ನು ಹಿಂಡುವ ಶಿಮಾನೊ ಎಂಟಿ520 ಕ್ಯಾಲಿಪರ್ ಮತ್ತು ಬೆರಳಿಂದ ಎಳೆಯುವ ಎಂಟಿ501 ಲಿವರಿನ ಜೋಡಿ ಮಂಗಳೂರು, ಉಡುಪಿ ಕಡೆಯವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಬ್ರೇಕು. ಡಬ್ಬದಿಂದ ತೆಗೆದು ಹಾಗೆಯೇ ಸಿಕ್ಕಿಸಿದರೆ ಮಾತ್ರ ಸಾಲದು.

ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಇದು, ಎಣ್ಣೆಯ ಒತ್ತಡಕ್ಕೆ ಪಿಸ್ಟನ್ನುಗಳು ಪ್ಯಾಡನ್ನು ರೋಟರಿಗೆ ಒತ್ತುತ್ತವೆ. ಶಿಮಾನೊದ್ದೇ ದುಬಾರಿ ಸೇಂಟ್ ಬ್ರೇಕಿಗೆ ಕೂರುವ ಪ್ಯಾಡೇ ಇದಕ್ಕೂ ಕೂರುತ್ತದೆ, ಹಾಗಾಗಿ ಪ್ಯಾಡ್ ಹುಡುಕುವ ತಲೆಬಿಸಿ ಕಡಿಮೆ. ಲಿವರಿನಲ್ಲಿರುವುದು ಸರ್ವೊವೇವ್ ವ್ಯವಸ್ಥೆ: ಎಳೆತದ ಮೊದಲ ಭಾಗದಲ್ಲಿ ಪ್ಯಾಡು ಬೇಗ ರೋಟರಿನ ಹತ್ತಿರ ಬರುತ್ತದೆ, ಮುಟ್ಟಿದ ನಂತರ ಅದೇ ಬೆರಳಿನ ಬಲಕ್ಕೆ ಒತ್ತಡ ಜಾಸ್ತಿಯಾಗುತ್ತದೆ. ಹದವಾಗಿ ಸ್ವಲ್ಪ ಸ್ವಲ್ಪವೇ ಬಿಡಬೇಕೆನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ಹಿಂದಿನ ಚಕ್ರಕ್ಕೆ ಹೀಗೆ ಗಕ್ಕನೆ ಕಚ್ಚುವುದೇ ಬೇಕಾದದ್ದು.

ಮಗುರಾ ಕಂಪನಿಯ ಎಂಟಿ7 ಇದಕ್ಕಿಂತ ಗಟ್ಟಿ ಹಿಡಿತದ ಬ್ರೇಕೇನೋ ಹೌದು. ಆದರೆ ಅದರ ಲಿವರಿನ ಮೈ ಲೋಹದ್ದಲ್ಲ, ಕಲ್ಲಿನ ಮೇಲೆ ದಿನಕ್ಕೆ ಹತ್ತು ಸಲ ಬೀಳುವ ಸೈಕಲ್ಲಿಗೆ ಅದನ್ನು ಹಾಕುವಾಗ ಕೈ ಹಿಂಜರಿಯುತ್ತದೆ. ಇಂಗ್ಲೆಂಡಿನ ಹೋಪ್ ಕಂಪನಿಯ ಟ್ರಯಲ್ ಝೋನ್ ಈ ಆಟಕ್ಕೆಂದೇ ಮಾಡಿದ್ದು, ಬೆಲೆ ಬೇರೆಯೇ ಲೋಕದ್ದು.

ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. 26 ಇಂಚಿನ ಚಕ್ರದಲ್ಲಿ ರಿಮ್ ಇರುವುದು ಅಕ್ಷದಿಂದ ಸುಮಾರು 275 ಮಿ.ಮೀ. ದೂರದಲ್ಲಿ, 180 ಮಿ.ಮೀ. ಅಗಲದ ರೋಟರಿನ ಅಂಚು ಬರೀ 90 ಮಿ.ಮೀ. ದೂರದಲ್ಲಿ. ಅಷ್ಟೇ ಹಿಡಿತಕ್ಕೆ ಡಿಸ್ಕ್ ಮೂರು ಪಟ್ಟಿಗೂ ಮಿಕ್ಕಿ ಬಲದಿಂದ ಹಿಂಡಬೇಕು. ಆದರೆ ಗ್ರೈಂಡರಿನಿಂದ ಉಜ್ಜಿ ತರಿ ಮಾಡಿದ ರಿಮ್ ಆಟಿ ತಿಂಗಳ ಮಳೆಯಲ್ಲಿ ಕೆಂಪು ರಾಡಿ ಬಳಿದುಕೊಂಡರೆ ಆ ಲೆಕ್ಕವೆಲ್ಲ ತಲೆಕೆಳಗು. ನಮ್ಮೂರಲ್ಲಿ ಡಿಸ್ಕ್ ಗೆಲ್ಲುವುದು ಅಲ್ಲಿ.

ಇದೇ ಸನ್ನೆಗೋಲಿನ ಲೆಕ್ಕ ರೋಟರ್ ಆರಿಸುವಾಗಲೂ ಬೇಕು. 160ರಿಂದ 180ಕ್ಕೆ ಹೋದರೆ ಹಿಡಿತ ಹೆಚ್ಚುಕಡಿಮೆ ಶೇ. 12 ಏರುತ್ತದೆ, 203ಕ್ಕೆ ಹೋದರೆ ಶೇ. 27ರ ಹತ್ತಿರ. 20 ಇಂಚಿನ ಸೈಕಲ್ಲಿಗೆ ಹಿಂದೆ 160 ಸಾಕು, 26ಕ್ಕೆ 180 ಬೇಕು. 203 ಹಾಕುವ ಮೊದಲು ಫ್ರೇಮ್ ಅದನ್ನು ಒಪ್ಪುತ್ತದೆಯೇ ನೋಡಿ. ಒಪ್ಪಿದರೂ ದೊಡ್ಡ ರೋಟರ್ ಕಲ್ಲಿನ ಅಂಚಿಗೆ ತಾಗಿ ಬಾಗುವುದು ಬೇಗ. ಇಡೀ ಒಂದೇ ಉಕ್ಕಿನ ತಗಡಿನ ರೋಟರನ್ನೇ ಕೊಳ್ಳಿ. ನಡುವೆ ಅಲ್ಯೂಮಿನಿಯಂ, ಸುತ್ತ ರಿವೆಟ್ ಇರುವ ಫ್ಲೋಟಿಂಗ್ ರೋಟರ್ ನೋಡಲು ಚಂದ, ಆದರೆ ರಿವೆಟ್ ಸಡಿಲವಾದರೆ ಚಕ್ರ ಅತ್ತಿತ್ತ ಆಡುತ್ತದೆ. ಶಿಮಾನೊದ ಅಗ್ಗದ ಕೆಲವು ರೋಟರುಗಳ ಮೇಲೆ ರೆಸಿನ್ (ರಾಳ ಬೆರೆಸಿದ ಮೆದು) ಪ್ಯಾಡ್ ಮಾತ್ರ ಎಂದು ಅಚ್ಚಾಗಿರುತ್ತದೆ. ಅವಕ್ಕೆ ಲೋಹದ ಪುಡಿಯ ಗಟ್ಟಿ ಮೆಟಲ್ ಪ್ಯಾಡ್ ಹಾಕಿದರೆ ರೋಟರನ್ನೇ ತಿಂದುಹಾಕುತ್ತದೆ.

ಪ್ಯಾಡಿನ ವಿಷಯದಲ್ಲಿ ಒಂದೇ ಉತ್ತರ ಇಲ್ಲ. ತಣ್ಣಗಿರುವಾಗ ರೆಸಿನ್ ಚೆನ್ನಾಗಿ ಕಚ್ಚುತ್ತದೆ, ಆದರೆ ಮುರಕಲ್ಲಿನ ಹುಡಿ ನೀರಿಗೆ ಬೆರೆತರೆ ಅದು ಉಪ್ಪುಕಾಗದ ಇದ್ದ ಹಾಗೆ, ರೆಸಿನ್ ಕಣ್ಣೆದುರೇ ಸವೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೆಟಲ್, ಉಳಿದ ತಿಂಗಳು ರೆಸಿನ್, ಎರಡಕ್ಕೂ ಬೇರೆ ಬೇರೆ ರೋಟರ್: ಇದೇ ಸರಿಯಾದ ದಾರಿ. ಒಂದೇ ರೋಟರಿನ ಮೇಲೆ ಎರಡನ್ನೂ ಬದಲಿಸುತ್ತ ಹೋದರೆ ಪ್ರತಿ ಸಲವೂ ಮೊದಲಿಂದ ಪಳಗಿಸಬೇಕು (ಅದು ಹೇಗೆಂದು ಮುಂದೆ ಹೇಳಿದೆ). ಪ್ಯಾಡಿನ ಮಸಾಲೆ ಅರ್ಧ ಮಿ.ಮೀ.ಗೆ ಇಳಿದರೆ ಬಿಸಾಡಿ.

ಜೋಡಿಸುವಾಗ ಮೊದಲು ಫ್ರೇಮಿನ ಕ್ಯಾಲಿಪರ್ ಕೂರುವ ಜಾಗ ನೋಡಿ. ಎರಡು ತೂತುಗಳ ನಡುವೆ 74 ಮಿ.ಮೀ. ಇದ್ದರೆ ಪೋಸ್ಟ್ ಮೌಂಟ್, 51 ಇದ್ದರೆ ಹಳೆಯ ಐಎಸ್, ಅದಕ್ಕೆ ಅಡಾಪ್ಟರ್ ಬೇಕು. ಅಲ್ಲಿ ಪೇಂಟ್ ಗಟ್ಟಿ ಕಟ್ಟಿದ್ದರೆ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕ್ಯಾಲಿಪರ್ ಓರೆ ಕೂರುತ್ತದೆ. ರೋಟರಿನ ಆರು ಟಿ25 ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ 4 ನ್ಯೂಟನ್ ಮೀಟರಿಗೆ ತನ್ನಿ. ಕ್ಯಾಲಿಪರ್ ಬೋಲ್ಟ್ ಸಡಿಲ ಬಿಟ್ಟು, ಲಿವರ್ ಎಳೆದು ರಬ್ಬರ್ ಬ್ಯಾಂಡ್ ಕಟ್ಟಿ, ಎರಡನ್ನೂ ಕಾಲು ಕಾಲು ಸುತ್ತು ಸರದಿಯಲ್ಲಿ ತಿರುಗಿಸುತ್ತ 6ರಿಂದ 8ಕ್ಕೆ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ. ಕೆಳಗೆ ಬಿಳಿ ಕಾಗದ ಹಿಡಿದು ನೋಡಿದರೆ ರೋಟರಿನ ಎರಡೂ ಬದಿ ಬೆಳಕಿನ ಗೆರೆ ಕಾಣಬೇಕು.

ಲಿವರನ್ನು ಗ್ರಿಪ್ಪಿನಿಂದ ಸಾಕಷ್ಟು ಒಳಗೆ ತಳ್ಳಿ, ತೋರುಬೆರಳು ಅದರ ತುದಿಯ ಕೊಕ್ಕೆಗೆ ಸಿಗಬೇಕು. ನಡುವಿನಿಂದ ಎಳೆದು ಬ್ರೇಕಿಗೆ ಬಲವಿಲ್ಲ ಎಂದು ದೂರುವವರೇ ಜಾಸ್ತಿ. ಕ್ಲ್ಯಾಂಪಿನಡಿ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ಹದವಾಗಿ ಬಿಗಿದರೆ ಬಿದ್ದಾಗ ಲಿವರ್ ಮುರಿಯದೆ ತಿರುಗುತ್ತದೆ.

ಎಣ್ಣೆ ಹರಿಯುವ ಹೋಸ್ ಉದ್ದವಿದ್ದರೆ ಕತ್ತರಿಸಲೇಬೇಕು, ಹ್ಯಾಂಡಲ್ ಪೂರ್ತಿ ತಿರುಗುವಷ್ಟು ಮಾತ್ರ ಬಿಡಿ. ಕತ್ತರಿಸಿದ ಮೇಲೆ ಅದರ ತುದಿಗೆ ಕೂರುವ ಆಲಿವ್ (ಬಿಗಿಯುವ ಬಳೆ) ಮತ್ತು ಇನ್ಸರ್ಟ್ (ಒಳಗಿನ ಕೊಳವೆ) ಹೊಸದೇ ಆಗಬೇಕು. ಆಮೇಲೆ ಬ್ಲೀಡ್, ಅಂದರೆ ಎಣ್ಣೆಯೊಳಗಿನ ಗಾಳಿ ತೆಗೆಯುವುದು: ಪ್ಯಾಡ್ ತೆಗೆದು, ಪಿಸ್ಟನ್ ಒಳಗೆ ತಳ್ಳಿ, ನಡುವೆ ಬ್ಲೀಡ್ ಬ್ಲಾಕ್ ಇಟ್ಟು, ಲಿವರ್ ನೆಲಕ್ಕೆ ಸಮಾನಾಂತರ ಮಾಡಿ ಫನಲ್ ಸಿಕ್ಕಿಸಿ. ಕ್ಯಾಲಿಪರಿನ ನಿಪ್ಪಲ್ 7 ಮಿ.ಮೀ. ಸ್ಪ್ಯಾನರಿನಿಂದ ಸಡಿಲಿಸಿ ಸಿರಿಂಜಿನಲ್ಲಿ ಕೆಳಗಿನಿಂದ ಎಣ್ಣೆ ತಳ್ಳಿದರೆ ಗುಳ್ಳೆ ಮೇಲೆ ಬರುತ್ತದೆ. ನಿಪ್ಪಲ್ ಮುಚ್ಚಿ, ಹೋಸಿಗೂ ಕ್ಯಾಲಿಪರಿಗೂ ಮೆಲ್ಲ ತಟ್ಟುತ್ತ ಲಿವರನ್ನು ಚಿಟುಕು ಚಿಟುಕು ಆಡಿಸಿ. ಕೊನೆಯ ಆ ನಾಲ್ಕು ಗುಳ್ಳೆಗಳಿಗೆ ತಾಳ್ಮೆ ಸಾಲದೆಯೇ ಒಂದೊಂದು ಸಲ ಒಂದೊಂದು ಜಾಗದಲ್ಲಿ ಕಚ್ಚುವ ಬ್ರೇಕು ಹುಟ್ಟುವುದು.

ಪಳಗಿಸುವುದನ್ನು ಟ್ರಯಲ್ಸಿನವರು ಬಿಟ್ಟೇಬಿಡುತ್ತಾರೆ. ಈ ಆಟದಲ್ಲಿ ರೋಟರ್ ಬಿಸಿಯಾಗುವುದೇ ಇಲ್ಲ, ಹಾಗಾಗಿ ಪ್ಯಾಡಿನ ತೆಳು ಪದರ ಅದರ ಮೇಲೆ ತಾನಾಗಿ ಕೂರುವುದಿಲ್ಲ. ಮಣಿಪಾಲದಲ್ಲೋ ಕದ್ರಿ ಗುಡ್ಡದಲ್ಲೋ ವಾಹನ ಕಡಿಮೆ ಇರುವ ಇಳಿಜಾರು ಹುಡುಕಿ, ಗಂಟೆಗೆ 20 ಕಿ.ಮೀ. ವೇಗದಿಂದ ನಡೆಯುವ ವೇಗಕ್ಕೆ, ಚಕ್ರ ಲಾಕ್ ಮಾಡದೆ, ಒಂದೊಂದು ಬ್ರೇಕಿನಲ್ಲಿ 20ರಿಂದ 30 ಸಲ ಇಳಿಸಿ. ಹೊಸ ಬ್ರೇಕು ಜಾರುತ್ತದೆ ಎಂಬ ದೂರು ಹೆಚ್ಚಾಗಿ ಅಲ್ಲೇ ಮುಗಿಯುತ್ತದೆ.

ಹಿಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ದೂಡಿದಾಗ ಟಕ್ ಎಂದರೆ ಬೆರಳಿಂದ ಒಂದೊಂದೇ ಕೀಲು ಮುಟ್ಟಿ ನೋಡಿ. ಕ್ಯಾಲಿಪರಿನೊಳಗೆ ಪ್ಯಾಡ್ ಜರುಗುವುದು ಸಾಮಾನ್ಯ. ಸ್ಪ್ರಿಂಗ್ ದಣಿದಿದ್ದರೆ ಬದಲಿಸಿ. ರೋಟರ್ ಬೋಲ್ಟ್, ಅಡಾಪ್ಟರ್, ಹಬ್ಬಿನ ಬೇರಿಂಗ್ ಇವುಗಳಲ್ಲಿ ಸಡಿಲವಿದ್ದರೆ ಕೂಡಲೇ ಸರಿಮಾಡಿ. ಕಡ್ಡಿಗಳು ಸಡಿಲವಿದ್ದರೆ ಟಕ್ ಅನ್ನುವುದಿಲ್ಲ, ಚಕ್ರ ರಬ್ಬರಿನಂತೆ ತಿರುಚಿಕೊಳ್ಳುತ್ತದೆ, ಏಕೆಂದರೆ ಡಿಸ್ಕಿನ ಬಲವೆಲ್ಲ ಹಬ್ಬಿನಿಂದ ಕಡ್ಡಿಯ ಮೂಲಕವೇ ರಿಮ್‌ಗೆ ಹೋಗಬೇಕು.

ಸೋಮೇಶ್ವರದ ಕಡಲತೀರದ ಬಂಡೆಗಳ ಮೇಲೆ ಆಡಿ ಬಂದ ದಿನ ಒಂದು ಬಕೆಟ್ ಸಿಹಿನೀರು ಸುರಿದು ಒರೆಸಿ, ಪ್ರೆಶರ್ ವಾಷರ್ ಬೇಡ. ರಾತ್ರಿ ಕಳೆದು ರೋಟರಿನ ಮೇಲೆ ಕಂದು ಪೊರೆ ಬಂದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆಯೇ ಕಲ್ಲು ಹತ್ತಿ. ಚೈನಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಒಂದು ಹನಿ ರೋಟರಿಗೆ ಹಾರಿದರೂ ಪ್ಯಾಡ್ ಹೀರಿಕೊಳ್ಳುತ್ತದೆ, ಮತ್ತೆ ಉಜ್ಜಿದರೂ ಸುಟ್ಟರೂ ಅದನ್ನು ನಂಬುವಂತಿಲ್ಲ.

ಈ ಬ್ರೇಕಿನ ನಿಜವಾದ ಕೊರತೆ ಎಣ್ಣೆಯಲ್ಲಿದೆ. ಇದಕ್ಕೆ ಹಾಕುವುದು ಮಿನರಲ್ ಆಯಿಲ್, ಅದನ್ನು ಆನ್‌ಲೈನಿನಲ್ಲಿ ತರಿಸಿ 100 ಮಿ.ಲೀ. ಮನೆಯಲ್ಲಿಟ್ಟಿರಬೇಕು. ಸ್ಕೂಟರ್ ಗ್ಯಾರೇಜಿಗೆ ಕೊಂಡುಹೋದರೆ ಒಳ್ಳೆಯ ಮನಸ್ಸಿನಿಂದಲೇ ಸ್ಕೂಟರಿಗೆ ಹಾಕುವ ಡಾಟ್ 4 ಬ್ರೇಕ್ ದ್ರವ ತುಂಬಿಸಿ ಕೊಟ್ಟಾರು. ಆಗ ಒಳಗಿನ ರಬ್ಬರ್ ಸೀಲುಗಳು ಊದಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಹೋಪ್ ಬ್ರೇಕಿಗಾದರೆ ಸೀಲ್ ಬಿಡಿಯಾಗಿ ಸಿಗುತ್ತದೆ. ಶಿಮಾನೊ ಕ್ಯಾಲಿಪರಿನ ಸೀಲನ್ನು ಬಿಡಿಯಾಗಿ ಮಾರುವುದಿಲ್ಲ, ಇಡೀ ಕ್ಯಾಲಿಪರನ್ನೇ ಮತ್ತೆ ಕೊಳ್ಳಬೇಕು.